ನಾಲ್ಕು ಪಟ್ಟಿಯ ರೆಕಾರ್ಡು

ಆ ರೆಕಾರ್ಡು ಒಡೆದಿರಲಿಲ್ಲ. ನಾನು ಅದನ್ನು ಮಾರಿದ್ದೆ. ಒಡೆಯಿತೆಂದು ನವಲಗುಂದದ ಹಸೀನಾಬಿ ಅಕ್ಕನಿಗೆ ಹೇಳಿದ್ದು ಸುಳ್ಳು. ಹನ್ನೆರಡು ವರ್ಷ ಇದನ್ನು ಒಳಗಿಟ್ಟುಕೊಂಡು ಊರೂರು ತಿರುಗಿದ್ದೇನೆ, ಕೂತಲ್ಲಿ ಕೂತಿಲ್ಲ — ಈಗ ಬರೆಯುತ್ತಿರುವಾಗಲೂ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ.

ನಾನು ಅಣ್ಣಿಗೇರಿಯವನು. ಮೋಡ್ಕಾ ವ್ಯಾಪಾರ: ಹಳೇ ಕಬ್ಬಿಣ, ಹಳೇ ಪಾತ್ರೆ, ಖಾಲಿಯಾಗುವ ಮನೆಗಳ ಸಾಮಾನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ತಕ್ಕಡಿ ಹಿಡಿದವನು. ಈಗ ಹುಬ್ಬಳ್ಳಿ, ಧಾರವಾಡದ ಹುಡುಗರು ಫೋನ್ ಮಾಡಿ, ಯಾರೂ ಕೇಳದ ಸೋಲ್, ಫಂಕ್, ಮಾಡರ್ನ್ ಜಾಝ್‌ನಂಥ ಇಂಗ್ಲಿಷ್ ಸಂಗೀತದ ಕಲಾವಿದರನ್ನು ಹೆಂಗ ಹುಡುಕ್ತೀರಿ ಕಾಕಾ ಎಂದು ಕೇಳುತ್ತಾರೆ. ಹೇಳುತ್ತೇನೆ, ಬುದ್ಧಿ ಹೇಳುವುದು ನನಗೆ ಚಟ. ರೆಕಾರ್ಡಿನ ಹೊದಿಕೆಯ ಮೇಲಿನ ದೊಡ್ಡ ಹೆಸರು ನೋಡಬೇಡಿ. ಹಿಂಬದಿ ಸಣ್ಣ ಅಕ್ಷರದಲ್ಲಿ ಡ್ರಮ್ ಬಾರಿಸಿದವನ ಹೆಸರಿರುತ್ತದೆ. ಅವನು ಮತ್ತೆ ಯಾರ ಜೊತೆ ಬಾರಿಸಿದ್ದಾನೆ ಹುಡುಕಿ, ಅಲ್ಲಿಂದ ಬಾಸ್ ಗಿಟಾರಿನವನನ್ನು ಹಿಡಿಯಿರಿ. ಒಂದೇ ರೆಕಾರ್ಡು ಮಾಡಿ, ಅದು ಮಾರಾಟವಾಗದೆ, ಊರಿಗೆ ಮರಳಿ ಬಸ್ ಓಡಿಸಿದವನಿರುತ್ತಾನೆ. ಹೆಸರುವಾಸಿಗಳು ಹತ್ತು ರೆಕಾರ್ಡಿನಲ್ಲಿ ಕೊಡದ್ದು ಅವನ ಆ ಒಂದರಲ್ಲಿ ಸಿಕ್ಕೀತು. ಇದೆಲ್ಲ ಖರೆ. ಆದರೆ ಈ ಕಿವಿ ಮೊದಲು ನನ್ನದಾಗಿರಲಿಲ್ಲ.

ಸಾಮಾನಿಡಲು ಹಸೀನಾಬಿ ಅಕ್ಕನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಒಳಕೋಣೆಯಲ್ಲಿ ಅವರು ಜಮಖಾನ ನೇಯುತ್ತಿದ್ದರು. ನೂಲು ತೂರಿಸಿ, ಕಬ್ಬಿಣದ ಹಲ್ಲಿನ ಪಂಜಾದಿಂದ ಕುಟ್ಟಿ ಕೂಡಿಸುವ ಕೆಲಸ. ಆಗ ಹುಬ್ಬಳ್ಳಿಯ ಹಳೇ ಬಂಗಲೆಯೊಂದರಿಂದ ಎರಡು ಟ್ರಂಕು ರೆಕಾರ್ಡುಗಳೂ ಅವನ್ನು ಹಚ್ಚುವ ಮಷೀನೂ ನನ್ನ ಪಾಲಿಗೆ ಬಂದವು. ಗೀರು ಎಷ್ಟಿವೆ ನೋಡಲು ಒಂದೊಂದಾಗಿ ಹಚ್ಚುತ್ತಿದ್ದೆ. ಎಂಟು ದಿನದಲ್ಲಿ ಒಂದು ಸಂಗತಿ ಗಮನಕ್ಕೆ ಬಂತು — ವ್ಯಾಪಾರಿಯ ಗಮನ, ಬೇರೇನಲ್ಲ. ಹೆಚ್ಚಿನವಕ್ಕೆ ಪಂಜಾ ತನ್ನ ಪಾಡಿಗೆ ತಾನು ಬೀಳುತ್ತಿತ್ತು. ಕೆಲವಕ್ಕೆ ಮಾತ್ರ ಡ್ರಮ್ಮಿನ ಪೆಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ ಬಂದು ಕೂಡಿಕೊಳ್ಳುತ್ತಿತ್ತು. ಅವನ್ನು ಬೇರೆ ಇಟ್ಟೆ. ಪುಣೆಯಿಂದ ಬಂದ ಗಿರಾಕಿ ಸರಿಯಾಗಿ ಅವನ್ನೇ ಎತ್ತಿಕೊಂಡು, ನಿಮಗೆ ಒಳ್ಳೆ ಕಿವಿ ಇದೆ ಎಂದ. ನಾನು ಸುಮ್ಮನೆ ನಕ್ಕೆ.

ಆರು ತಿಂಗಳು ಅಕ್ಕನ ಕೈ ಕೇಳಿಕೊಂಡೇ ಆರಿಸಿದೆ. ಅವರಿಗೆ ಹೇಳಲಿಲ್ಲ. ಹೇಳಿದರೆ ಪಾಲು ಕೇಳಬಹುದೆಂದು — ಕೇಳುವವರಲ್ಲ ಎಂಬುದೂ ನನಗೆ ಗೊತ್ತಿತ್ತು.

ಒಂದು ದಿನ ಪಂಜಾ ನಿಂತೇ ಬಿಟ್ಟಿತು. ಒಬ್ಬ ಹೆಂಗಸಿನ ದನಿ, ಹಿಂದೆ ಆರ್ಗನ್, ಅವಸರವಿಲ್ಲದ ಸ್ಯಾಕ್ಸೊಫೋನ್. ಕೂದಲಿಗೆ ನೂಲಿನ ಎಳೆ ಹತ್ತಿಸಿಕೊಂಡೇ ಅಕ್ಕ ಬಾಗಿಲಿಗೆ ಬಂದು ನಿಂತರು. ಹಾಡು ಮುಗಿದ ಮೇಲೆ ಮಷೀನಿನ ಹತ್ತಿರ ಬಂದು, ತಟ್ಟೆಯನ್ನು ಅಂಚಿನಿಂದ ನಡುವಿನ ತನಕ ಬಗ್ಗಿ ನೋಡಿದರು.

"ಇದನ್ನ ಯಾರಿಗೂ ಕೊಡಬ್ಯಾಡ್ರಿ ಅಣ್ಣಾರ, ನನಗ ಇಡ್ರಿ," ಎಂದರು. "ಈಕಿ ಮಂದೀಗೆ ಹಾಡಾಕತ್ತಿಲ್ಲ ನೋಡ್ರಿ. ಕೆಲಸಾ ಮಾಡ್ಕೋತ ತನ್ನಷ್ಟಕ್ಕ ತಾನ ಗುನುಗಾಕತ್ತಾಳ."

"ನಿಮ್ಮ ಹಂತೇಕ ಮಷೀನ ಎಲ್ಲೈತ್ರಿ ಅಕ್ಕಾರ?"

"ನಿಮ್ದು ಇಲ್ಲೇ ಬಿದ್ದಿರತೈತಲ್ರಿ. ನನ್ನ ಮನ್ಯಾಗಿನ ಅರ್ಧಾ ಧೂಳ ನಿಮ್ಮ ಸಾಮಾನಿಂದು. ಅದರಾಗ ಒಂದ ಪ್ಲೇಟ ನಂದೂ ಇರ್ಲಿ."

ಪುಕ್ಕಟೆ ಬೇಡವೆಂದು, ಬದಲಿಗೆ ಒಂದು ಸಣ್ಣ ಜಮಖಾನ ನೇಯ್ದು ಕೊಡುವುದಾಗಿ ತಾವೇ ಹೇಳಿದರು. ಆಗಲಿ ಎಂದೆ. ಮಾತಾಯಿತು.

ಅದು ಅರ್ಧ ನೇಯುವುದರೊಳಗೆ ಪುಣೆಯವನು ಮತ್ತೆ ಬಂದ. ಅಕ್ಕ ಮನೆಯಲ್ಲಿರಲಿಲ್ಲ. ಆ ರೆಕಾರ್ಡನ್ನು ಹಚ್ಚಿಸಿ ಕೇಳಿದ. ಕೇಳಿದ ಮೇಲೆ ಕೆಳಗಿಡಲಿಲ್ಲ. ಗಿರಾಕಿ ಸಾಮಾನು ಕೆಳಗಿಡದಿದ್ದರೆ ದರ ನಿಮ್ಮದು ಎಂದು ಎಲ್ಲರಿಗೂ ಹೇಳಿಕೊಡುತ್ತೇನೆ. ಅಂದು ಆ ವಿದ್ಯೆಯನ್ನು ನನ್ನದಲ್ಲದ ಸಾಮಾನಿನ ಮೇಲೆ ಹೂಡಿದೆ.

ಅಣ್ಣಿಗೇರಿಗೆ ಒಯ್ಯುವಾಗ ಬಸ್ಸಿನಲ್ಲಿ ಒಡೆಯಿತು ಎಂದು ಅಕ್ಕನಿಗೆ ಹೇಳಿದೆ. ಅವರು ಕೈಯಲ್ಲಿದ್ದ ನೂಲು ಕೆಳಗಿಟ್ಟು ಹೇಳಿದರು: "ಒಡದ ಚೂರನ್ನಾರ ತಂದ ಕೊಡ್ರಿ."

ಅದಕ್ಕೂ ತಯಾರಾದೆ. ಯಾರೂ ಕೊಳ್ಳದ ಬೇರೊಂದನ್ನು ಮೊಣಕಾಲಿಗೆ ಒತ್ತಿ ಮುರಿದು, ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಒಯ್ದೆ. ಇಂಗ್ಲಿಷ್ ಓದಲು ಬಾರದವರಿಗೆ ಎಲ್ಲ ಕರಿ ತಟ್ಟೆಯೂ ಒಂದೇ — ಹಾಗೆಂದು ನನ್ನ ಲೆಕ್ಕ. ಅಕ್ಕ ಚೂರುಗಳನ್ನು ನೆಲದ ಮೇಲೆ ಜೋಡಿಸಿ, ಅಂಚಿನಿಂದ ನಡುವಿನ ತನಕ ಬೆರಳಾಡಿಸಿದರು. ತುಟಿ ಅಲುಗುತ್ತಿತ್ತು. ಮತ್ತೆ ಸುತ್ತಿಟ್ಟು, "ಆತ್ರಿ" ಎಂದರು, ಅಷ್ಟೇ. ಆ ವಾರವೇ ಜಮಖಾನವನ್ನೂ ಕೊಟ್ಟರು, ಮಾತು ಕೊಟ್ಟಾಗಿದೆ ಎಂದು. ನಾನು ತೆಗೆದುಕೊಂಡೆ. ಹೌದು, ಅದನ್ನೂ ತೆಗೆದುಕೊಂಡೆ.

ಅಂದಿನಿಂದ ನಾನು ರೆಕಾರ್ಡು ಹಚ್ಚಿದರೆ ಒಳಬಾಗಿಲು ಮುಚ್ಚುತ್ತಿತ್ತು. ಪಂಜಾದ ಸದ್ದು ಕೇಳುತ್ತಿತ್ತು, ಆದರೆ ಯಾವುದಕ್ಕೂ ಕೂಡಲಿಲ್ಲ. ನನ್ನ ಆಯ್ಕೆ ತಪ್ಪತೊಡಗಿತು. ಪುಣೆಯವನು ಬರುವುದು ಬಿಟ್ಟ. ಗತಿಯಿಲ್ಲದೆ ನಾನೇ ಕೇಳಲು ಕಲಿತೆ. ಕಲಿಯುತ್ತ ತಿಳಿಯಿತು — ಎರಡು ಹಾಡಿನ ನಡುವೆ ತಟ್ಟೆಯ ಮೇಲೆ ಸಣ್ಣ ಹೊಳೆಯುವ ಗೆರೆ ಇರುತ್ತದೆ. ಹಾಡೆಷ್ಟು ಎಂದು ಕಣ್ಣಿನಿಂದಲೇ ಎಣಿಸಬಹುದು. ಅಕ್ಕ ಕೇಳಿದ್ದರಲ್ಲಿ ಆ ಬದಿಗೆ ನಾಲ್ಕೇ ಉದ್ದನೆಯ ಹಾಡು, ನಾಲ್ಕು ಅಗಲ ಪಟ್ಟಿ. ನಾನು ಮುರಿದದ್ದು ಆರು ಹಾಡಿನದು. ಕಾಗದದ ಮೇಲೆ ಒಂದು ಗೆರೆಯಿಲ್ಲದೆ ಜಮಖಾನದ ಪಟ್ಟಿಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡು ನೇಯುವ ಹೆಂಗಸು, ಅಂದು ಬೆರಳಾಡಿಸಿ ಎಣಿಸಿದ್ದು ಮತ್ತೇನನ್ನು?

ಅದು ಹೊಳೆದ ದಿನದಿಂದ ಆ ರೆಕಾರ್ಡನ್ನು ಹುಡುಕುತ್ತಿದ್ದೇನೆ. ಆ ಗಾಯಕಿಯ ಹೆಸರು ಬರೆದಿಟ್ಟುಕೊಂಡಿರಲಿಲ್ಲ. ಪುಣೆಯವನ ಫೋನ್ ಹತ್ತುವುದಿಲ್ಲ. ಮುಂಬೈ, ಗೋವಾ, ಬೆಳಗಾವಿಯ ಹಳೇ ಬಜಾರು — ನಾನು ಪತ್ತೆ ಹಚ್ಚಿದೆನೆಂದು ಫೋನ್ ಮಾಡುವ ಹುಡುಗರು ಹೊಗಳುವ ಕಲಾವಿದರೆಲ್ಲ ಆಕೆಯನ್ನು ಹುಡುಕುವಾಗ ಕೈಗೆ ಸಿಕ್ಕವರು. ಆ ರಾಗವೂ ನನಗೆ ನೆನಪಿಲ್ಲ. ನಾನು ಕೇಳಿದ್ದು ಪಂಜಾ ನಿಂತದ್ದನ್ನು. ಎದುರಿಗೆ ಬಂದರೂ ಗುರುತು ಹಿಡಿಯಲಾರೆ, ಹಿಡಿಯಬಲ್ಲವರು ಅಕ್ಕ ಒಬ್ಬರೇ. ಅವರನ್ನು ಕೇಳಬೇಕೆಂದರೆ ಮೊದಲು ನಿಜ ಹೇಳಬೇಕು. ಹೇಳುವ ಧೈರ್ಯವಿಲ್ಲದೆ ಹನ್ನೆರಡು ವರ್ಷ ಕುರುಡನಂತೆ —

ಹೋದ ಶುಕ್ರವಾರ ನವಲಗುಂದಕ್ಕೆ ಹೋಗಿ ಹೇಳಿದೆ. ಅಕ್ಕ ನೂಲು ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು: "ಈಗ ಅದು ಕೇಳಾವ್ರ ಕೈಯಾಗ ಐತೇನ್ರಿ, ಬರೇ ಇಟ್ಕೊಳ್ಳಾವ್ರ ಕೈಯಾಗ ಐತೇನ್ರಿ?"

ಗೊತ್ತಿಲ್ಲ ಎಂದೆ. ಪುಣೆಯವನೊಡನೆ ತಾಸುಗಟ್ಟಲೆ ಚೌಕಾಸಿ ಮಾಡಿದ್ದೆ, ಅದೊಂದನ್ನು ಕೇಳಿರಲಿಲ್ಲ.

ಆ ಹಾಡನ್ನು ಒಂದಿಷ್ಟು ಗುನುಗಿ ತೋರಿಸಿದರೆ ಮತ್ತೆ ಹುಡುಕಿ ತರುತ್ತೇನೆ ಎಂದು ಕೇಳಿಕೊಂಡೆ. ಅಕ್ಕ ನನ್ನ ಮುಖ ನೋಡಿದರು.

"ನಾ ಮರ್ತೀನ್ರಿ," ಎಂದು ಎದ್ದು ಮಗ್ಗಕ್ಕೆ ಹೋದರು.

ನಿಜವಾಗಿ ಮರೆತಿದ್ದರೆ, ಮರೆಯುವಂತೆ ಮಾಡಿದವನು ನಾನು. ಮರೆತಿರದಿದ್ದರೆ — ಅದು ಅವರ ಬಳಿಯೇ ಇರಲಿ. ನಾನು ಇನ್ನು ಕೇಳುವುದಿಲ್ಲ.