ಮಾಳಮ್ಮನ ಹೆಸರಿನ ಬಂದೂಕು

ನಮ್ಮ ದೊಡ್ಡವ್ವ ಮಾಳಮ್ಮ ಸುಲೇಪೇಟದವಳು. ಅವಳನ್ನು ಗುಂಡಗುರ್ತಿಯ ಚಂದ್ರಾಮಪ್ಪನಿಗೆ ಕೊಟ್ಟಿದ್ದರು. ಬಾಗಿಲ ಪಟ್ಟಿಗೆ ಹಣೆ ತಗಲುವಷ್ಟು ಎತ್ತರದ, ಮಾತು ಕಡಿಮೆಯ ಹೆಂಗಸು. ಚಂದ್ರಾಮಪ್ಪ ಒಳ್ಳೆಯ ಒಕ್ಕಲಿಗ. ಮಣ್ಣು ಮುಟ್ಟಿ ಬಿತ್ತುವ ದಿನ ಹೇಳುತ್ತಿದ್ದ, ಎತ್ತಿನ ಕಣ್ಣು ನೋಡಿ ಹೊಟ್ಟೆನೋವು ಹೇಳುತ್ತಿದ್ದ. ಅವನಿಗೆ ಆಗದ್ದು ಒಂದೇ, ಸಪ್ಪಳ. ವಾಡಿ ಸ್ಟೇಷನ್ನಿನಲ್ಲಿ ಎಂಜಿನ್ನು ಸೀಟಿ ಹೊಡೆದರೆ ಹೆಂಡತಿಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಮದುವೆಮನೆಯಲ್ಲಿ ಬಾಜಾದವರು ಬಂದರೆ, ದನಕ್ಕೆ ನೀರು ಕುಡಿಸಿ ಬರುತ್ತೇನೆಂದು ಹಳ್ಳದ ಕಡೆ ನಡೆದುಬಿಡುತ್ತಿದ್ದ. ತನ್ನ ಮದುವೆಯಲ್ಲೂ ಹಾಗೇ ಹೋಗಿದ್ದನಂತೆ. ಮಾವಂದಿರು ಹುಡುಕಿಕೊಂಡು ಬಂದರಂತೆ.

ಇಂಥವನಿಗೆ ಅಪ್ಪನಿಂದ ಬಂದದ್ದು ಒಂದು ಬಂದೂಕು. ನಳಿಗೆಯ ಬಾಯಿಂದಲೇ ಮದ್ದು, ಸೀಸದ ಗುಂಡು ಹಾಕಿ, ಕಬ್ಬಿಣದ ಸರಳಿನಿಂದ ಗಿಡಿದು ತುಂಬಬೇಕಾದ ಹಳೆಯ ಕಾಲದ್ದು. ನಲವತ್ತೆಂಟರಲ್ಲಿ ನಿಜಾಮನ ಆಳ್ವಿಕೆ ಮುಗಿದಾಗ, ಊರಲ್ಲಿರುವ ಬಂದೂಕು ಕತ್ತಿಗಳನ್ನೆಲ್ಲ ಚಿತ್ತಾಪುರದ ಠಾಣೆಗೆ ಒಪ್ಪಿಸಬೇಕೆಂದು ಡಂಗುರ ಸಾರಿದರು. ಮರುದಿನ ಬೆಳಿಗ್ಗೆಯೇ ಚಂದ್ರಾಮಪ್ಪ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟು ಬಂದ. ಅಷ್ಟು ಹಗುರಾಗಿ ಅವನು ನಡೆದು ಬಂದದ್ದನ್ನು ಊರವರು ಹಿಂದೆಂದೂ ನೋಡಿರಲಿಲ್ಲ.

ಸಂತೋಷಪಟ್ಟವು ಇನ್ನೂ ಇದ್ದವು. ಹಳ್ಳದ ಪೊದೆಯ ಕಾಡುಹಂದಿಗಳು. ಮೂರು ವರ್ಷ ಶೇಂಗಾ ಹೊಲವನ್ನು ಮೂತಿಯಿಂದಲೇ ಉತ್ತು ಹಾಕಿದವು. ಕಡೆಗೆ ಐವತ್ತೊಂದರಲ್ಲಿ, ಬೆಳೆ ಕಾಯಲು ಬಂದೂಕು ಬೇಕೆಂದು ಅರ್ಜಿ ಕೊಟ್ಟವರಿಗೆ ಲೈಸೆನ್ಸು ಸಿಗುತ್ತದೆ ಎಂಬ ಸುದ್ದಿ ಬಂತು. ಮಾಳಮ್ಮ ಗಂಡನನ್ನು ಮುಂದೆ ಬಿಟ್ಟುಕೊಂಡು ಚಿತ್ತಾಪುರಕ್ಕೆ ಹೋದಳು.

ತಹಸೀಲ್ ಕಚೇರಿಯಲ್ಲಿ ಅಮೀರ್ ಅಲಿ ಎಂಬ ವಯಸ್ಸಾದ ಗುಮಾಸ್ತರಿದ್ದರು. ಲೈಸೆನ್ಸು ಕೈಗೆ ಕೊಡುವ ಮೊದಲು ಅದರ ಷರತ್ತನ್ನೆಲ್ಲ ಓದಿ ಹೇಳುವುದು ಅವರ ಪದ್ಧತಿ.

"ನೋಡಪ್ಪಾ, ಇದು ಬೆಳಿ ಕಾಯ್ಲಿಕ್ಕಷ್ಟೇ. ಮದುವಿ, ಮುಂಜಿ, ಜಗಳ, ಯಾವುದಕ್ಕೂ ಹಾರಸಂಗಿಲ್ಲ."

"ಹಾರಸಂಗಿಲ್ರಿ," ಎಂದ ಚಂದ್ರಾಮಪ್ಪ ಮನಃಪೂರ್ವಕವಾಗಿ.

"ಈ ಸರ್ವೇ ನಂಬರಿನ ಹೊಲ ಬಿಟ್ಟು ಬ್ಯಾರೆ ಕಡಿ ಹಾರಸಂಗಿಲ್ಲ."

"ಹಾರಸಂಗಿಲ್ರಿ."

"ನೀ ಬಿಟ್ಟು ಮತ್ಯಾರೂ ಹಾರಸಂಗಿಲ್ಲ. ತಮ್ಮ ಇರ್ಲಿ, ಮಗ ಇರ್ಲಿ, ಹೇಣ್ತಿ ಇರ್ಲಿ. ಸಿಕ್ಕರ ಬಂದೂಕು ಜಪ್ತಿ."

ಇದಕ್ಕೆ ಚಂದ್ರಾಮಪ್ಪ ಬಾಗಿಲ ಹೊರಗೆ ನಿಂತಿದ್ದ ಹೆಂಡತಿಯ ಮುಖ ನೋಡಿದ. ಮಾಳಮ್ಮ ಬೇವಿನ ಮರ ನೋಡಿದಳು. "ಹೂಂರಿ," ಎಂದು ಅವನು ಹೆಬ್ಬೆಟ್ಟು ಒತ್ತಿದ.

ಯಾಕೆಂದರೆ ಆ ಬಂದೂಕನ್ನು ಮೊದಲಿಂದಲೂ ಹಾರಿಸಿದವಳು ಮಾಳಮ್ಮನೇ. ಮದುವೆಯಾದ ಎರಡನೇ ವರ್ಷ ಹಂದಿಯ ಹಿಂಡು ಎದುರು ಬಂದಾಗ ಚಂದ್ರಾಮಪ್ಪ ಬಂದೂಕು ಎಸೆದು ಕಿವಿ ಮುಚ್ಚಿಕೊಂಡು ಕುಳಿತಿದ್ದ. ಬಿದ್ದದ್ದನ್ನು ಎತ್ತಿಕೊಂಡವಳು ಮತ್ತೆ ಅವನ ಕೈಗೆ ಕೊಡಲಿಲ್ಲ. ಈಗ ಕಾಯಿದೆ ಬಂದು, ಠಾಣೆಯಿಂದ ಅದೇ ಬಂದೂಕು ಮರಳಿ ಸಿಕ್ಕ ಮೇಲೆ ಇಬ್ಬರೂ ಕೂಡಿ ಒಂದು ದಾರಿ ಮಾಡಿಕೊಂಡರು. ಸಂಜೆ ಹೊಲಕ್ಕೆ ಹೋಗುವಾಗ ಲೈಸೆನ್ಸಿನ ಕಾಗದ ಚಂದ್ರಾಮಪ್ಪನ ಅಂಗಿಯ ಕಿಸೆಯಲ್ಲಿ, ಬಂದೂಕು ಮಾಳಮ್ಮನ ಹೆಗಲ ಮೇಲೆ. ಅವಳು ಗುರಿ ಹಿಡಿದಾಗ ಅವನು ಅವಳ ಮಗ್ಗುಲಿಗೇ ಕುಳಿತು ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಳ್ಳುತ್ತಿದ್ದ. ಕಾಗದವೂ ಇದೆ, ಬಂದೂಕೂ ಇದೆ, ಎರಡರ ನಡುವೆ ಒಂದು ಮೊಳ ಅಂತರ. ಇಷ್ಟಕ್ಕೆ ಸರ್ಕಾರ ಸಿಟ್ಟಾಗಲಿಕ್ಕಿಲ್ಲ ಎಂದು ಅವರ ಲೆಕ್ಕ.

ಎರಡು ಸುಗ್ಗಿ ಚೆನ್ನಾಗಿ ನಡೆಯಿತು. ಸಿಟ್ಟು ಬಂದದ್ದು ಪಕ್ಕದ ಹೊಲದ ಅಂಬಾರಾಯನಿಗೆ. ಮಾಳಮ್ಮನ ಬಂದೂಕಿನ ಸಪ್ಪಳಕ್ಕೆ ಹೆದರಿದ ಹಂದಿಗಳು ನೆಟ್ಟಗೆ ಬದು ಹಾರಿ ಅವನ ಶೇಂಗಾಕ್ಕೆ ಇಳಿಯುತ್ತಿದ್ದವು. ಒಂದು ಸಂಜೆ ಅವನು ಬದುವಿನ ಮೇಲೆ ನಿಂತು ಕೂಗಿದ.

"ಮಾಳವ್ವಾ, ನಿನ್ನ ಹೊಲದ ಹಂದಿ ನನ್ನ ಹೊಲಕ್ಕ ಯಾಕ ಹೊಡಿಲಕತ್ತಿ?"

"ನಾ ಹೊಡಿಲಕತ್ತಿಲ್ಲ ಅಣ್ಣಾ. ಅವs ಓಡ್ಲಕತ್ಯಾವ."

ಅಂಬಾರಾಯ ಚಿತ್ತಾಪುರಕ್ಕೆ ಹೋಗಿ ತಕರಾರು ಅರ್ಜಿ ಬರೆಸಿದ. ಲೈಸೆನ್ಸು ಗಂಡನದು, ಹಾರಿಸುವವಳು ಹೆಂಡತಿ, ತಾವು ಬಂದು ಕಣ್ಣಾರೆ ನೋಡಬೇಕು, ಎಂದು.

ಐವತ್ತಮೂರರ ಶ್ರಾವಣದಲ್ಲಿ ತಹಸೀಲ್ದಾರ್ ಗುರುಲಿಂಗಯ್ಯನವರು ಆ ಕಡೆ ತಪಾಸಣೆಗೆಂದು ದೌರೆ ಬಂದರು. ಕಟ್ಟುನಿಟ್ಟಿನ ಮನುಷ್ಯ, ಆದರೆ ಗದರಿ ಮಾತಾಡುವವರಲ್ಲ. ಜೊತೆಗೆ ಅಮೀರ್ ಅಲಿಯವರು, ಇಬ್ಬರು ಪೊಲೀಸರು. ಚಾವಡಿಯ ಹಿಂದಿನ ಬಯಲಲ್ಲಿ ಐವತ್ತು ಹೆಜ್ಜೆ ದೂರಕ್ಕೆ ಒಂದು ಗಡಿಗೆ ಇಡಿಸಿದರು. ಊರೆಲ್ಲ ನೆರೆಯಿತು.

"ಚಂದ್ರಾಮಪ್ಪ, ನೀನs ತುಂಬು, ನೀನs ಹಾರಸು. ಗಡಿಗಿಗಿ ಬಡಿಬೇಕಂತೇನಿಲ್ಲ. ನಿನಗ ಬರ್ತದೋ ಇಲ್ಲೋ ನೋಡಬೇಕು," ಎಂದರು ತಹಸೀಲ್ದಾರರು.

ಚಂದ್ರಾಮಪ್ಪ ಮದ್ದು ಸುರಿದ. ಅರ್ಧ ನೆಲಕ್ಕೆ ಬಿತ್ತು. ಗುಂಡು ಹಾಕಿದ. ಸರಳು ಇಳಿಸಿ ಗಿಡಿದ. ಮಾಳಮ್ಮ ದೂರದಿಂದ ಏನೋ ಸನ್ನೆ ಮಾಡಿದಳು. ಅವನು ಆಗಲೇ ಕಣ್ಣು ಮುಚ್ಚಿದ್ದ. ಸರಳು ನಳಿಗೆಯಲ್ಲೇ ಉಳಿದಿತ್ತು.

ಢಮ್ ಎಂದದ್ದೇ ತಡ, ಕಬ್ಬಿಣದ ಸರಳು ಗಡಿಗೆಯ ಮೇಲಿಂದ, ಚಾವಡಿಯ ಮೂಲೆ ಸವರಿಕೊಂಡು ಹೋಗಿ ಅಂಬಾರಾಯನ ಕಣಿಕೆಯ ಬಣವೆಯಲ್ಲಿ ನೆಟ್ಟಿತು. ಪಕ್ಕದಲ್ಲಿ ಕಟ್ಟಿದ್ದ ಅವನ ಎಮ್ಮೆ ಹಗ್ಗ ಹರಿದುಕೊಂಡು ಕಾಳಗಿಯ ದಾರಿ ಹಿಡಿಯಿತು. ಎಮ್ಮೆಯ ಹಿಂದೆ ಅಂಬಾರಾಯ ಓಡಿದ. ಹೊಗೆ ಇಳಿದ ಮೇಲೆ ನೋಡಿದರೆ ಬಂದೂಕು ನೆಲದ ಮೇಲೆ ಬಿದ್ದಿತ್ತು. ಚಂದ್ರಾಮಪ್ಪ ಅದರಿಂದ ಹತ್ತು ಹೆಜ್ಜೆ ದೂರದಲ್ಲಿ, ಕಿವಿಯಲ್ಲಿ ಬೆರಳಿಟ್ಟುಕೊಂಡು ಕುಳಿತಿದ್ದ.

"ಹಾರಿತೇನ್ರಿ?" ಎಂದು ಕೇಳಿದ.

ಒಬ್ಬ ಪೊಲೀಸ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತ. ತಹಸೀಲ್ದಾರರು ನಗಲಿಲ್ಲ. ಮಾಳಮ್ಮನನ್ನು ಕರೆದರು.

"ಏನವ್ವಾ, ಈ ಬಂದೂಕು ನೀ ಹಾರಸೀಯೇನು?"

 ಹೌದೆಂದರೆ ಅಪರಾಧ. ಇಲ್ಲವೆಂದರೆ ಸುಳ್ಳು. ದೊಡ್ಡವ್ವ ಸೆರಗು ಸರಿಮಾಡಿಕೊಂಡಳು.

"ಸಾಹೇಬ್ರ, ನಮ್ಮ ಮನಿಯವ್ರು ಹಾರಸಿದ್ದು ಈಗ ನೋಡಿದ್ರಿ. ಎರಡು ವರ್ಷ ನಮ್ಮ ಹೊಲದಾಗ ಶೇಂಗಾ ಉಳದದ. ತಿಳದವ್ರು ನೀವು, ಏನ್ ಬರಕೋತೀರಿ ಬರಕೋರ್ರಿ."

ಗುರುಲಿಂಗಯ್ಯನವರು ಕಾಗದವನ್ನು ಅಮೀರ್ ಅಲಿಯವರ ಕಡೆ ಸರಿಸಿದರು. "ಲೈಸೆನ್ಸುದಾರನಿಗೆ ಬಂದೂಕು ಹಾರಿಸಲು ಬರುವುದಿಲ್ಲ" ಎಂದಷ್ಟೇ ಬರೆಸಿದರು. ಬಂದೂಕು ಜಪ್ತಿಯಾಯಿತು. ಹೋಗುವಾಗ ಮಾಳಮ್ಮನಿಗೆ ಹೇಳಿದರು: "ಕಾಯ್ದೆದಾಗ ಗಂಡಸು ಹೆಂಗಸು ಅಂತ ಇಲ್ಲವ್ವಾ. ಯಾರ ಹೆಸರಿಲೆ ಕಾಗದ ಅದನೋ ಅವರs ಹಾರಸಬೇಕು, ಅಷ್ಟೇ ಅದ. ನಿನ್ನ ಹೆಸರಿಲೆ ಅರ್ಜಿ ಕೊಡು."

ಮಾಳಮ್ಮ ತಕ್ಷಣ ಅರ್ಜಿ ಕೊಡಲಿಲ್ಲ. ಅರ್ಜಿಗೆ ಊರಿನ ಇಬ್ಬರ ಜಾಮೀನು ಬೇಕು. ಒಬ್ಬ ಚಂದ್ರಾಮಪ್ಪನೇ ಆದ. ಹೆಂಗಸಿನ ಹೆಸರಲ್ಲಿ ಬಂದೂಕೆಂದಾಗ ಇನ್ನೊಬ್ಬರು ಮುಂದೆ ಬರಲಿಲ್ಲ. ಅಷ್ಟರಲ್ಲಿ ಶೇಂಗಾ ಕಾಯಿ ಕಟ್ಟಿತು. ಹೆದರಿಸುವ ಸಪ್ಪಳವಿಲ್ಲದ ಮೇಲೆ ಹಂದಿಗಳಿಗೆ ಬದು ಯಾವುದು, ಯಾರ ಹೊಲ ಯಾವುದು ಎಂಬ ಭೇದವೇ ಉಳಿಯಲಿಲ್ಲ. ಮೊದಲು ಓಡುತ್ತಾ ತಿನ್ನುತ್ತಿದ್ದವು ಈಗ ಅಂಬಾರಾಯನ ಹೊಲದಲ್ಲಿ ಮರಿಮಕ್ಕಳ ಸಮೇತ ಕುಳಿತೇ ತಿಂದವು. ದಸರೆಯ ಹೊತ್ತಿಗೆ ಎರಡೂ ಹೊಲಗಳಲ್ಲಿ ಬರೀ ಕುಣಿ.

ಒಂದು ಮುಂಜಾನೆ ಅಂಬಾರಾಯ ಬಂದು ಅಂಗಳದಲ್ಲಿ ನಿಂತ.

"ಬರ್ರಿ ಅಣ್ಣಾ, ಕುಂದರ್ರಿ," ಎಂದಳು ಮಾಳಮ್ಮ, ರೊಟ್ಟಿ ಬಡಿಯುತ್ತಲೇ.

"ಕುಂದರೋದು ಇರ್ಲಿ ತಂಗಿ. ಜ್ವಾಳ ಬಿತ್ತೀವಿ. ಅದಾದ್ರೂ ಉಳೀಬೇಕಲ್ಲ. ಜಾಮೀನು ನಾ ಆಗ್ತೀನಿ, ನಡಿ."

"ತಕರಾರು ಕೊಟ್ಟವ್ರೂ ನೀವs?"

"ಹೌದು, ನಾನೇ. ಅದಕ್ಕs ನನ್ನ ಮಾತು ಸಾಹೇಬರು ನಂಬ್ತಾರ. ಈಕಿ ಹಾರಸೋದು ನಾ ಕಣ್ಣಾರೆ ನೋ—"

"ಅದೊಂದು ಹೇಳಬ್ಯಾಡ್ರಿ," ಎಂದಳು ಮಾಳಮ್ಮ.

ಮೂವರೂ ಚಿತ್ತಾಪುರಕ್ಕೆ ಹೋದರು. ಅಮೀರ್ ಅಲಿಯವರು ಕನ್ನಡಕ ಏರಿಸಿಕೊಂಡು ಫಾರಂ ತುಂಬಲು ಕುಳಿತರು. ಗಂಡನ ಹೆಸರು ಕೇಳಿದಾಗ ಮಾಳಮ್ಮ ಹೇಳದೆ ಚಂದ್ರಾಮಪ್ಪನ ಕಡೆ ಬೆರಳು ತೋರಿಸಿದಳು. ಗುರುತಿನ ಕಾಲಮ್ಮಿನಲ್ಲಿ ಎತ್ತರ ಬರೆದರು, ಬಣ್ಣ ಬರೆದರು, ಮುಂದಿನ ಸಾಲಿಗೆ ಬಂದು ನಿಂತರು. 'ಮೀಸೆಯ ಆಕಾರ' ಎಂದು ಅಚ್ಚಾಗಿತ್ತು. ಖಾಲಿ ಬಿಟ್ಟರೆ ಗುಲ್ಬರ್ಗಾದ ಜಿಲ್ಲಾ ಕಚೇರಿಯವರು ಅರ್ಜಿ ವಾಪಸು ಕಳಿಸುತ್ತಾರೆ. ಅವರು ಬಹಳ ಯೋಚಿಸಿ, "ಸದ್ಯಕ್ಕೆ ಇಲ್ಲ" ಎಂದು ಬರೆದರು.

ಆಮೇಲೆ ಮತ್ತೊಂದು ಕಾಲಮ್ಮು ಬಂತು. "ಅಮ್ಮಾ, ಲೈಸೆನ್ಸುದಾರರು ಒಬ್ಬ ನೌಕರನ ಹೆಸರು ಬರೆಸ್ಲಿಕ್ಕೆ ಕಾಯ್ದೆದಾಗ ಜಾಗಾ ಅದ. ಆ ನೌಕರ ಬಂದೂಕು ಹಿಡ್ಕೊಂಡು ಓಡಾಡಬಹುದು. ನೋಡು, ಇದು ಸುಲಭ ಆಗ್ತದ. ಲೈಸೆನ್ಸು ನಿನ್ನ ಗಂಡಂದೇ ಇರ್ಲಿ. ನಿನ್ನ ಹೆಸರು ನೌಕರ ಅಂತ ಬರೀತೀನಿ. ಮಾನಾನೂ ಉಳೀತದ, ಶೇಂಗಾನೂ ಉಳೀತದ."

ಮಾಳಮ್ಮ ಎದ್ದು ನಿಂತಳು. "ನಾ ಇವರ ನೌಕರಳಲ್ಲರಿ. ಹೇಣ್ತಿ. ಆ ಫಾರಂ ಹರದ್ಹಾಕ್ರಿ."

ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಬಾರಾಯ, "ಕಾಗದದ ಮ್ಯಾಲಷ್ಟೇ ತಂಗಿ," ಎಂದು ಸಮಾಧಾನ ಹೇಳಲು ಹೋಗಿ ಅವಳ ಕಣ್ಣು ನೋಡಿ ಹಿಂದೆ ಸರಿದ. ಆಗ, ಅಷ್ಟು ಹೊತ್ತು ಮೂಲೆಯಲ್ಲಿ ಕುಳಿತಿದ್ದ ಚಂದ್ರಾಮಪ್ಪ ಎದ್ದು ಬಂದ.

"ಸಾಹೇಬ್ರ, ಲೈಸೆನ್ಸು ಆಕೀ ಹೆಸರಿಲೆ ಬರೀರಿ. ನೌಕರ ಅಂತ ನನ್ನ ಹೆಸರು ಹಾಕ್ರಿ. ಆಕಿ ಹಾರಸ್ಲಿ, ನಾ ಹೊರ್ತೀನಿ. ಅದು ಸುಮ್ಮ ಇದ್ದಾಗ ನನಗೇನೂ ಅಂಜಿಕಿಲ್ಲ."

"ನಾಕು ಮಂದಿ ನಗ್ತಾರಪ್ಪಾ," ಎಂದರು ಅಮೀರ್ ಅಲಿ.

"ನಗ್ಲಿಬಿಡ್ರಿ. ನಗೂದು ಏನ್ ಭಾಳ ಸಪ್ಪಳ ಆಗಂಗಿಲ್ಲ."

ದೊಡ್ಡವ್ವ ಆವತ್ತು ಮರಳಿ ಬರುವಾಗ ಚಿತ್ತಾಪುರದ ಬಜಾರಿನಲ್ಲಿ ಅವನಿಗೆ ಇಷ್ಟವಾದ ಜಿಲೇಬಿ ಕಟ್ಟಿಸಿಕೊಂಡಳು, ಅಂಬಾರಾಯನಿಗೆ ಒಂದೇ ಒಂದು ಕೊಟ್ಟಳು ಎಂದು ನನ್ನ ತಾಯಿ ಸೂಗಮ್ಮ ಹೇಳುತ್ತಿದ್ದಳು.

ತಹಸೀಲ್ದಾರರ ಎದುರು ಮಾಳಮ್ಮನ ಪರೀಕ್ಷೆಯೂ ಆಯಿತು. ಈ ಸಲ ಠಾಣೆಯ ಹಿತ್ತಲಲ್ಲಿ. ಠಾಣೆಯ ಮುಖ್ಯಸ್ಥರಾದ ಅಮೀನರು ಜಪ್ತಿಯಾಗಿದ್ದ ಬಂದೂಕು ಹೊರಗೆ ತಂದುಕೊಟ್ಟರು. ಅವಳು ಮದ್ದನ್ನು ಅಂಗೈಯಲ್ಲಿ ಅಳೆದು ಸುರಿದಳು, ಗುಂಡು ಇಳಿಸಿದಳು, ಸರಳು ಎಳೆದು ತೆಗೆದು ಗಂಡನ ಕೈಗೆ ಕೊಟ್ಟಳು. ಗಡಿಗೆ ಒಂದೇ ಏಟಿಗೆ ಚೂರುಚೂರಾಯಿತು.

ಗುರುಲಿಂಗಯ್ಯನವರು ಚೂರುಗಳನ್ನೂ ಅವಳನ್ನೂ ನೋಡಿದರು. "ಮೊದಲನೇ ಸಲಕ್ಕ ಭಾಳ ಚಲೋ ಆಯ್ತವ್ವಾ."

"ನಿಮ್ಮ ಆಶೀರ್ವಾದರಿ," ಎಂದಳು ಮಾಳಮ್ಮ.

ಅಮೀರ್ ಅಲಿಯವರು ಕೆಮ್ಮು ಬಂದವರಂತೆ ಒಳಗೆ ಹೋದರು.

ಗುಲ್ಬರ್ಗಾದಿಂದ ಸಂಕ್ರಾಂತಿಯ ವೇಳೆಗೆ ಕಾಗದ ಬಂತು. ಚಂದ್ರಾಮಪ್ಪ ಊರಲ್ಲಿ ಸಿಕ್ಕವರಿಗೆಲ್ಲ, "ನನಗ ನೌಕರಿ ಆಯ್ತು," ಎಂದು ಹೇಳಿಕೊಂಡು ತಿರುಗಿದ. ಸಂಜೆ ಅವನು ಬಂದೂಕು ಹೊತ್ತು ಹಿಂದೆ, ಅವಳು ಕಾಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ. ನಕ್ಕವರು ನಕ್ಕರು. ಜೋಳ ತೆನೆಗಟ್ಟಿದ ಮೇಲೆ ಅವರೂ ನಿಲ್ಲಿಸಿದರು.

ಕಷ್ಟ ಬಂದದ್ದು ಅಂಬಾರಾಯನಿಗೇ. ಅವನ ಜಾಮೀನಿನಿಂದ ಬಂದ ಲೈಸೆನ್ಸಿನಲ್ಲಿ ಅವನ ಹೊಲದ ಸರ್ವೇ ನಂಬರು ಇರಲಿಲ್ಲ. ಒಂದು ಸಂಜೆ ದೊಡ್ಡ ಕೋರೆಹಂದಿಯೊಂದು ಬದು ದಾಟಿ ಅವನ ಜೋಳದಲ್ಲಿ ನಿಂತಿತು. ಮಾಳಮ್ಮ ಬಂದೂಕು ಇಳಿಸಿದಳು.

"ಹೊಡಿ ತಂಗಿ! ಎದುರಿಗೇ ನಿಂತದ!"

"ಅದು ನಿಮ್ಮ ಸರ್ವೇ ನಂಬರಿನ್ಯಾಗ ನಿಂತದ ಅಣ್ಣಾ. ನಾ ಹೊಡದರ ಜಪ್ತಿ."

"ಯಾರು ನೋಡ್ತಾರ?"

"ನೋಡ್ಲಿಕ್ಕೆ ನೀವs ಇದ್ದೀರಲ್ಲ."

ಅಂಬಾರಾಯ ತಗಡಿನ ಡಬ್ಬಿ ಬಡಿಯುತ್ತಾ ತನ್ನ ಹೊಲವನ್ನು ಸುತ್ತು ಹಾಕಿ ಹಂದಿಯನ್ನು ಮತ್ತೆ ಬದು ದಾಟಿಸಿದ. ಡಬ್ಬಿಯ ಸಪ್ಪಳಕ್ಕೆ ಚಂದ್ರಾಮಪ್ಪ ಆಗಲೇ ಹಳ್ಳ ಸೇರಿದ್ದ. ಹಂದಿ ಮಾಳಮ್ಮನ ಹೊಲಕ್ಕೆ ನಾಲ್ಕು ಹೆಜ್ಜೆ ಇಟ್ಟ ಮೇಲೆ ಅವಳು ಹೊಡೆದಳು.

ಮರುವರ್ಷ ಲೈಸೆನ್ಸು ಹೊಸದು ಮಾಡಿಸುವಾಗ ಅಂಬಾರಾಯನೇ ಅರ್ಜಿ ಕೊಟ್ಟು ತನ್ನ ಸರ್ವೇ ನಂಬರನ್ನೂ ಸೇರಿಸಿದ. ಅವನ ಬಲಗಡೆಯ ಹೊಲದವರೂ ಅದನ್ನೇ ಮಾಡಿದರು. ಐವತ್ತಾರರ ಹೊತ್ತಿಗೆ ಹಳ್ಳದ ಈಚೆ ದಂಡೆಯ ಏಳು ಹೊಲಗಳು ಅವಳ ಕಾಗದದಲ್ಲಿದ್ದವು. ಆ ವರ್ಷ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ದೊಡ್ಡವ್ವ ಕಚೇರಿಗೆ ಹೋಗಿ ಷರತ್ತೇನಾದರೂ ಬದಲಾಗಿದೆಯೇ ಎಂದು ಕೇಳಿಕೊಂಡು ಬಂದಳು. ಯಾವುದೂ ಬದಲಾಗಿಲ್ಲ ಎಂದು ತಿಳಿದಾಗ ಅವಳಿಗೆ ಸಮಾಧಾನವಾಯಿತು. ಶೇಂಗಾ ಕೀಳುವ ಹೊತ್ತು, ಬಹಳ ಕೆಲಸ ಬಿದ್ದಿತ್ತು. ಸಂಜೆಯೊಳಗೆ ಊರು ಮುಟ್ಟಬೇಕೆಂದು ಅಲ್ಲಿ ನೀರೂ ಕುಡಿಯದೆ ಹೊರಟಳು.