ಸೋಲು ಕಾಣದ ಕಡ್ಡಿಪೆಟ್ಟಿಗೆ

ಮನಸ್ಸಿನ ಬಗ್ಗೆ ಪಾಠ ಹೇಳುವವನಿಗೆ ಮನಃಶಾಂತಿ ಇರಲೇಬೇಕೆಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. ಅದೊಂದು ನನ್ನ ಪುಣ್ಯ. ಅರವತ್ತರ ದಶಕದಲ್ಲಿ ಗೋಕಾವಿಯ ಕಾಲೇಜಿನಲ್ಲಿ ನಾನು ಮನಶ್ಶಾಸ್ತ್ರ ಕಲಿಸುತ್ತಿದ್ದೆ. ವಿಷಯ ತಗೊಂಡ ವಿದ್ಯಾರ್ಥಿಗಳೆಲ್ಲ ಒಂದೇ ಬೆಂಚಿನಲ್ಲಿ ಹಿಡಿಸುತ್ತಿದ್ದರು, ಅದರಲ್ಲೂ ತುದಿಗೆ ಒಬ್ಬ ಮಲಗುವಷ್ಟು ಜಾಗ ಉಳಿಯುತ್ತಿತ್ತು. ಹೀಗಾಗಿ ಪ್ರತಿ ಜೂನ್ ತಿಂಗಳು ನನಗೆ ಎದೆ ಡವಡವ. ಈ ವರ್ಷ ಪ್ರಿನ್ಸಿಪಾಲರು ನನ್ನ ವಿಷಯ ತೆಗೆದೇ ತೆಗೆಯುತ್ತಾರೆ ಅಂತ.

ಅವರಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. "ಮನಸು ಎಲ್ಲಾರ ಹತ್ರಾನೂ ಐತ್ರಿ. ಇದ್ದದ್ದನ್ನ ಕಲಸಾಕ ಒಬ್ಬ ಮಾಸ್ತರ ಯಾಕ ಬೇಕು?" ಅನ್ನುತ್ತಿದ್ದರು. ನಾನು ರಾತ್ರಿಯಿಡೀ ಯೋಚಿಸಿದರೂ ಇದಕ್ಕೆ ಉತ್ತರ ಹೊಳೆಯುತ್ತಿರಲಿಲ್ಲ.

ಆಗ ಬಂದವರು ಪುಣೆಯ ಪ್ರೊಫೆಸರರು. ಮೂಲ ನಮ್ಮ ಕಡೆಯವರೇ. ವಿದೇಶದಲ್ಲಿ ಕೆಲವು ವರ್ಷ ಓದಿ ಬಂದಿದ್ದರು. ಧುಪದಾಳದ ಒಡ್ಡು ನೋಡಬೇಕೆಂದರು, ಕರೆದುಕೊಂಡು ಹೋದೆ. ಘಟಪ್ರಭೆಯ ನೀರು ಒಡ್ಡಿನ ಮೇಲೆ ಹಾಸಿದ ಬಿಳಿ ಪಂಚೆಯ ಹಾಗೆ ಇಳಿಯುತ್ತಿತ್ತು. ಅದನ್ನು ನೋಡುತ್ತ ನಿಂತವರು, ಯೋಚನೆ ಮಾಡುವ ಯಂತ್ರಗಳ ಬಗ್ಗೆ ಹೇಳತೊಡಗಿದರು. ಒಂದು ಖೋಲಿಯಷ್ಟು ದೊಡ್ಡದಂತೆ. ಒಳಗೆ ದೀಪದಂಥವು ಮಿಣಮಿಣ ಉರಿಯುತ್ತವಂತೆ. ಆಟ ಕಲಿಸಿದರೆ ಕಲಿತು, ಕಲಿಸಿದವನನ್ನೇ ಸೋಲಿಸುತ್ತದಂತೆ. ನಾನು ನೀರನ್ನೂ ಮರೆತೆ, ಜೂನ್ ತಿಂಗಳನ್ನೂ ಮರೆತೆ. ಮನಸ್ಸು ಅನ್ನುವುದು ತಲೆಬುರುಡೆಯ ಹೊರಗೂ ಇರಬಹುದೇ? ಇಷ್ಟು ವರ್ಷ ಬುರುಡೆಯ ಒಳಗಿನದನ್ನೇ ಒಂದು ಬೆಂಚಿಗೆ ಹೇಳಲಾರದೆ ಒದ್ದಾಡಿದವನು ನಾನು.

ಚಳಿಗಾಲದಲ್ಲಿ ಗೋಕಾವಿಯಲ್ಲೇ ಎರಡು ದಿನದ ಪರಿಷತ್ತು ಮಾಡೋಣ, 'ಮನಸ್ಸು ಮತ್ತು ಯಂತ್ರ' ಅಂತ, ಎಂದು ಅವರೇ ಸೂಚಿಸಿದರು. ಕಾಲೇಜಿಗೆ ಮರಳಿ ಹೇಳಿದಾಗ ಪ್ರಿನ್ಸಿಪಾಲರು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಯಂತ್ರ ಕಲೀತೈತಿ ಅಂತೀರಲ್ಲ, ನನ್ನ ಕಣ್ಣಿಗೆ ತೋರಸ್ರಿ. ತೋರಿಸಿದ್ರ ನಿಮ್ಮ ವಿಷಯ ಉಳೀತು. ಇಲ್ಲಂದ್ರ ಬರೂ ವರ್ಷ ಆ ತಾಸು ಇತಿಹಾಸದವರಿಗೆ."

"ತೋರಸ್ತೀವ್ರಿ," ಅಂದವರು ಪ್ರೊಫೆಸರರು. ತೋರಿಸಬೇಕಾದವನು ನಾನು.

ಖೋಲಿಯಷ್ಟು ದೊಡ್ಡ ಯಂತ್ರ ಗೋಕಾವಿಯಲ್ಲಿ ಎಲ್ಲಿ ಸಿಗಬೇಕು? ಅದಕ್ಕವರು ಉಪಾಯ ಹೇಳಿಕೊಟ್ಟರು. ಖಾಲಿ ಕಡ್ಡಿಪೆಟ್ಟಿಗೆಗಳು ಸಾಕು. ಒಂಬತ್ತು ಮನೆಯ ಒಂದು ಪಟ. ಆ ಕಡೆ ಮೂರು ಕಾಯಿ, ಈ ಕಡೆ ಮೂರು ಕಾಯಿ. ಚದುರಂಗದ ಕಾಲಾಳಿನ ಹಾಗೆ ಕಾಯಿ ನೇರ ಮುಂದೆ ಒಂದು ಮನೆ ನಡೆಯುತ್ತದೆ, ಓರೆಯಾಗಿ ಹೊಡೆಯುತ್ತದೆ. ಯಾರ ಕಾಯಿ ಮೊದಲು ಆಚೆ ದಂಡೆ ಮುಟ್ಟಿತೋ ಅವರು ಗೆದ್ದರು. ನಡೆಯಲು ದಾರಿಯೇ ಇಲ್ಲದವರು ಸೋತರು. ಪಟದ ಮೇಲೆ ಬರಬಹುದಾದ ಒಂದೊಂದು ಸ್ಥಿತಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಆ ಸ್ಥಿತಿಯ ಚಿತ್ರ, ಒಳಗೆ ಬಣ್ಣಬಣ್ಣದ ಮಣಿ, ಒಂದೊಂದು ಬಣ್ಣ ಒಂದೊಂದು ನಡೆ. ಪೆಟ್ಟಿಗೆಯ ಸರದಿ ಬಂದಾಗ ನೋಡದೆ ಅಲುಗಾಡಿಸಿ ಒಂದು ಮಣಿ ತೆಗೆಯಬೇಕು. ಅದು ಹೇಳಿದಂತೆ ಕಾಯಿ ನಡೆಸಬೇಕು. ಪೆಟ್ಟಿಗೆ ಸೋತರೆ, ಸೋಲಿಸಿದ ಆ ಕೊನೆಯ ಮಣಿಯನ್ನು ಶಾಶ್ವತವಾಗಿ ಎತ್ತಿಬಿಡುವುದು. ಗೆದ್ದರೆ ಎಲ್ಲ ಇದ್ದಂತೆ ಇರಲಿ. ಇಷ್ಟೇ. "ಸೋಲೇ ಅದರ ಮಾಸ್ತರು," ಅಂದರು ಪ್ರೊಫೆಸರರು.

ನಾನು ಬೀಡಿ ಸಿಗರೇಟು ಮುಟ್ಟಿದವನಲ್ಲ. ಚಹಾದಂಗಡಿಯ ಮುಂದೆ ಖಾಲಿ ಕಡ್ಡಿಪೆಟ್ಟಿಗೆ ಆರಿಸುತ್ತ ಓಡಾಡಿದ್ದರಿಂದ ಮಾಸ್ತರಿಗೆ ಚಟ ಹತ್ತಿದೆ ಅಂತ ಊರಲ್ಲಿ ಸುದ್ದಿಯಾಯಿತು. ಮಣಿಗಳು ಬಳೆಗಾರರ ಹತ್ತಿರ ಸಿಕ್ಕವು. ಕಾಯಿಗಳನ್ನು ಮಾತ್ರ ನಮ್ಮೂರ ಆಟಿಕೆ ಮಾಡುವವರಲ್ಲಿ ಕಟ್ಟಿಗೆಯಲ್ಲಿ ಮಾಡಿಸಿದೆ: ಮನುಷ್ಯರಿಗೆ ಮೂರು ಕೆಂಪು ಆನೆ, ಪೆಟ್ಟಿಗೆಗೆ ಮೂರು ಹಸಿರು ಗಿಳಿ.

ಇನ್ನು ಅದರ ಜೊತೆ ಆಡುವವರು ಬೇಕಲ್ಲ. ಕಾಲೇಜಿನಲ್ಲಿ ಆಡಿಸಿದರೆ ಪ್ರಿನ್ಸಿಪಾಲರ ಕಣ್ಣಿಗೆ ಮೊದಲೇ ಬಿದ್ದು, ನಗೆಪಾಟಲಾದರೆ? ದೀಪಾವಳಿ ಬಂತು. ಅಳಿಯನಾದವನು ಹಬ್ಬಕ್ಕೆ ಮಾವನ ಮನೆಗೆ ಹೋಗಲೇಬೇಕು. ಪೆಟ್ಟಿಗೆಗಳನ್ನೆಲ್ಲ ಒಂದು ಹಲಗೆಗೆ ಅಂಟಿಸಿ, ಧೋತರದಲ್ಲಿ ಸುತ್ತಿ, ಮೊಣಕಾಲ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಮೂಡಲಗಿಗೆ ಹೋದೆ. ಕಲ್ಲೋಳಿಯಲ್ಲಿ ಹತ್ತಿದ ಒಬ್ಬರು ಮೆಣಸಿನಕಾಯಿ ಚೀಲವನ್ನು ಅದರ ಮೇಲೆ ಇಡಲು ನೋಡಿದಾಗ ನಾನು ಹಾಕಿದ ಕೂಗಿಗೆ ಡ್ರೈವರನು ಬಸ್ಸೇ ನಿಲ್ಲಿಸಿದ.

ನನ್ನ ಮಾವನವರ ಮನೆ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಹಣೆ ತುಂಬ ವಿಭೂತಿ, ಬಾಯಿ ತುಂಬ "ಬರ್ರಿ, ಕೂಡ್ರಿ." ಪಡಸಾಲಿಯಲ್ಲಿ ಪಟ ಹಾಸಿದ್ದೇ ತಡ, ಬೀಗರು, ನೆರೆಯವರು, ಮಸಗುಪ್ಪಿಯಿಂದ ಬಂದ ನೆಂಟರು ಸುತ್ತ ಕೂತರು. ನಾನು ಪೆಟ್ಟಿಗೆಯ ಪರವಾಗಿ ಅಲುಗಾಡಿಸುವುದು, ಅವರು ಆನೆ ನಡೆಸುವುದು. ಮೊದಲ ಆಟ ಮಾವನವರದು. ಪೆಟ್ಟಿಗೆ ಗೆದ್ದಿತು.

"ಅರೆ, ಸೋತ್ನೆಲ್ಲೋ ಮಾರಾಯಾ!" ಎಂದು ಅವರು ತೊಡೆ ತಟ್ಟಿ ನಕ್ಕರು. "ಏನ್ ಪೆಟಗೀರಿ ಇದು, ಭಾಳ ಶಾಣ್ಯಾ ಐತಿ!"

ಎರಡನೆಯವರೂ ಸೋತರು. ಹಬ್ಬದ ಅಷ್ಟೂ ದಿನ ಪೆಟ್ಟಿಗೆ ಗೆದ್ದದ್ದೇ ಗೆದ್ದದ್ದು. ಗಿಳಿ ಕಣ್ಣೆದುರಿಗೇ ನಡೆದು ಬಂದರೂ ಆನೆಗಳು ಅದನ್ನು ಹೊಡೆಯದೆ ಬೇರೆ ಮನೆಗೆ ನಡೆದು ದಾರಿ ಬಿಡುತ್ತಿದ್ದವು. ನಾನು ನೋಡಿದ್ದು ಫಲಿತಾಂಶ ಮಾತ್ರ. ಒಂದು ಮಣಿ ತೆಗೆಯುವ ಪ್ರಸಂಗವೂ ಬರಲಿಲ್ಲ; ಅದನ್ನೂ ಪೆಟ್ಟಿಗೆಯ ಬುದ್ಧಿಗೇ ಜಮಾ ಮಾಡಿದೆ. ಕೆಲವು ಮಕ್ಕಳು ಹುಟ್ಟಾ ಜಾಣರಿರುತ್ತಾರಲ್ಲ, ಹಾಗೆ ಇದೂ ಒಂದು ಇರಬಹುದು ಅಂದುಕೊಂಡೆ. ಆಗಲೂ ನನಗೆ ಚಿಂತೆ ಇತ್ತು. ಇಷ್ಟು ಬುದ್ಧಿವಂತ ಪೆಟ್ಟಿಗೆಯನ್ನು ಒಲೆ ಹೊತ್ತಿಸಲು ಯಾರಾದರೂ ಒಯ್ದರೆ ಅಂತ.

ಪರಿಷತ್ತಿನ ಮೊದಲ ದಿನ ನಾನು ಬಾಯಿ ತೆರೆದುಕೊಂಡೇ ಕೂತಿದ್ದೆ. ಧಾರವಾಡದಿಂದ, ಬೆಳಗಾವಿಯಿಂದ, ಕೊಲ್ಲಾಪುರದಿಂದ ಬಂದ ವಿದ್ವಾಂಸರು. ಒಬ್ಬರು ನೆನಪು ಎಲ್ಲಿ ಇರುತ್ತದೆ ಅಂತ ಕೇಳಿದರು. ಒಬ್ಬರು, ಕೂಸು ತಾಯಿಯ ಮುಖವನ್ನು ಸಾವಿರ ಮುಖಗಳಲ್ಲಿ ಹೇಗೆ ಹೆಕ್ಕುತ್ತದೆ, ಯಂತ್ರಕ್ಕೆ ಇದನ್ನು ಹೇಳಿಕೊಡಲು ನಮಗೇ ಬರುವುದಿಲ್ಲವಲ್ಲ ಅಂದರು. ದಿನಾ ಮಾಡುವ ಕೆಲಸವೇ, ಆದರೆ ಹೇಗೆ ಮಾಡುತ್ತೇವೆಂದು ಒಬ್ಬರಿಗೂ ಗೊತ್ತಿಲ್ಲ! ಊಟಕ್ಕೆ ಕೂತಾಗ ನನ್ನ ಕೈ ರೊಟ್ಟಿ ಮುರಿದು ಪಲ್ಯದ ಕಡೆ ತಾನಾಗಿ ಹೋದದ್ದನ್ನು ನೋಡಿ ಬೆರಗಾದೆ, ತುತ್ತು ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಖಾರ ಆತೇನ್ರಿ?" ಅಂತ ಬಡಿಸುವವರು ಕೇಳಿದರು.

ಎರಡನೆಯ ದಿನ ನನ್ನ ಸರದಿ. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು. ಹಿಂದೆ, ಅಳಿಯನ ಭಾಷಣ ಕೇಳಲು ಮೂಡಲಗಿಯಿಂದ ಬಂದಿದ್ದ ಮಾವನವರು ಹೊಸ ರುಮಾಲು ಸುತ್ತಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ನನ್ನ ಹೆಂಡತಿ. ನಾನು ಆಟ ವಿವರಿಸಿ, ಕೊನೆಗೆ ಎದೆಯುಬ್ಬಿಸಿ, "ಈ ಪೆಟ್ಟಿಗೆ ಇಲ್ಲಿಯವರೆಗೆ ಒಂದು ಆಟವನ್ನೂ ಸೋತಿಲ್ಲ," ಅಂದೆ.

"ಒಂದೂ ಇಲ್ಲೇನು?" ಪ್ರೊಫೆಸರರ ಹುಬ್ಬು ಗಂಟಾಯಿತು. ನಾನು ಅದನ್ನು ಮೆಚ್ಚುಗೆ ಅಂದುಕೊಂಡೆ.

ಆಡಲು ಎದ್ದವರು ಹುಕ್ಕೇರಿಯ ಹೈಸ್ಕೂಲಿನ ಗಣಿತದ ಮಾಸ್ತರು. ಮದುವೆಮನೆಯಲ್ಲಿ ಊಟ ಮಾಡಿ ಬೀಗರ ಮುಂದೆಯೇ "ಸಾರಿಗೆ ಉಪ್ಪಿಲ್ಲ" ಎನ್ನುವ ಪೈಕಿ. ಕೂತರು, ಆನೆ ನಡೆಸಿದರು. ನಾನು ಪೆಟ್ಟಿಗೆ ಅಲುಗಾಡಿಸಿದೆ. ಕಣ್ಣು ಪಿಳುಕಿಸುವಷ್ಟರಲ್ಲಿ ಆನೆ ದಂಡೆ ಮುಟ್ಟಿತ್ತು. ಮತ್ತೊಂದು ಆಟ. ಮತ್ತೆ ಸೋಲು. ಮೂರನೆಯದರಲ್ಲಿ ಗಿಳಿ ತಾನಾಗಿ ಆನೆಯ ಕಾಲಡಿಗೆ ಹೋಗಿ ನಿಂತಿತು. ಸಭೆಯಲ್ಲಿ ಯಾರೋ ಕೆಮ್ಮಿದರು, ಕೆಮ್ಮಲ್ಲ ಅದು, ನಗು. ಪ್ರಿನ್ಸಿಪಾಲರು ಮೂಗಿಗೆ ನಶ್ಯ ಏರಿಸಿಕೊಂಡು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ನೋಡಿದರು. ನನಗೆ ಅಲ್ಲಿ ನನ್ನ ತಾಸಿನ ಮೇಲೆ ಇತಿಹಾಸ ಅಂತ ಬರೆದದ್ದೇ ಕಾಣಿಸಿತು.

"ಏ, ನಿಲ್ರಿ ನಿಲ್ರಿ!" ಹಿಂದಿನಿಂದ ಮಾವನವರ ಧ್ವನಿ. ಎದ್ದೇ ನಿಂತಿದ್ದರು. "ಏನ್ ಹಿಂಗ ಹೊಡಿಯಾಕತ್ತೀರಿ ಮಾಸ್ತರ? ಒಂದಿಷ್ಟೂ ದಯಾಮಾಯಾ ಇಲ್ಲೇನು?"

"ಆಟ ಅಂದಮ್ಯಾಲ ಹೊಡೀಬೇಕ್ರಿ ಯಜಮಾನ್ರ," ಅಂದರು ಹುಕ್ಕೇರಿ ಮಾಸ್ತರು, ತಲೆಯೆತ್ತದೆ.

"ನಮ್ಮ ಮನ್ಯಾಗ ಹಬ್ಬ ಮುಗಿಯೂ ಮಟಾ ಆಡೈತಿ, ಒಮ್ಮಿನೂ ಸೋತಿದ್ದಿಲ್ಲ ಅದು!"

"ಒಮ್ಮಿನೂ? ಅದು ಹ್ಯಾಂಗ್ರಿ?" ಪ್ರೊಫೆಸರರು ಕುರ್ಚಿಯ ತುದಿಗೆ ಬಂದರು.

"ಹ್ಯಾಂಗಂದ್ರ? ನಾವು ಸೋಲಿಸಿದ್ರಲ್ಲ ಅದು ಸೋಲೂದು! ಹಬ್ಬಕ್ಕ ಬಂದಾವ ಅಳಿಯಾ. ಅಳಿಯಾ ತಂದ ಪೆಟಗಿ. ಅದನ್ನ ಸೋಲಿಸಿ ಕಳಿಸಿ, ಆಮ್ಯಾಲ ಮಗಳ ಮಾರಿ ಹ್ಯಾಂಗ ನೋಡೂದ್ರಿ?"

ಸಭೆ ಹಂಚು ಹಾರುವಂತೆ ನಕ್ಕಿತು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು! ಆಮೇಲೆ ಕೇಳಿದ್ದಕ್ಕೆ, "ಪಗಡಿ ಆಡಿದಾಗೂ ನಮ್ಮಪ್ಪ ನಿಮಗ ಸೋತಕೋತನ ಬಂದಾನ. ನಿಮಗ ತಿಳಿದೈತಿ ಅಂತ ಮಾಡಿದ್ನಿರಿ," ಅಂದಳು. ಲಗ್ನವಾದಾಗಿನಿಂದ ಮೂಡಲಗಿಯಲ್ಲಿ ನಾನು ಗೆದ್ದ ಪಗಡಿಯೆಲ್ಲ ಆ ಕ್ಷಣಕ್ಕೆ ಕೈಬಿಟ್ಟು ಹೋಯಿತು.

"ಹಂಗಾರ ಈ ಪೆಟಗಿ ಇಷ್ಟು ದಿನಾ ಏನೂ ಕಲತೇ ಇಲ್ಲ," ಅಂದರು ಪ್ರಿನ್ಸಿಪಾಲರು.

"ಖರೆ," ಅಂದರು ಪ್ರೊಫೆಸರರು. ಅವರ ಕಣ್ಣು ಹೊಳೆಯುತ್ತಿದ್ದವು. "ಸೋಲೇ ಸಿಗದಿದ್ರ ಹ್ಯಾಂಗ ಕಲೀಬೇಕು ಸರ್? ಈಗ ಸಿಕ್ಕಾರ ನೋಡ್ರಿ, ಹುಕ್ಕೇರಿ ಮಾಸ್ತರು. ಅವರು ಏಳೂದು ಬ್ಯಾಡ. ಮಣಿ ತೆಗೀರಿ ನೀವು."

ಸೋಲಿನ ಮಣಿಗಳನ್ನು ಎತ್ತಿದೆ. ಆಟ ಮುಂದುವರಿಯಿತು. ಉಳಿದ ಪ್ರಬಂಧಗಳನ್ನು ಕೇಳುವವರೇ ಇಲ್ಲದೆ, ಓದಬೇಕಾದವರೂ ಮೇಜಿನ ಸುತ್ತ ಬಂದು ನಿಂತರು. ಪೆಟ್ಟಿಗೆ ಸೋಲುತ್ತಿತ್ತು, ನಾನು ಮಣಿ ತೆಗೆಯುತ್ತಿದ್ದೆ. ಮತ್ತೆ ಸೋಲು, ಮತ್ತೊಂದು ಮಣಿ. ಒಂದು ಸಲ ಪೆಟ್ಟಿಗೆ ತೆರೆದರೆ ಒಳಗೆ ಏನೂ ಇಲ್ಲ. ಮುರಿದೇ ಹೋಯಿತು ಅಂದುಕೊಂಡೆ.

"ಮುರಿದಿಲ್ಲ," ಪ್ರೊಫೆಸರರು ಮೆಲ್ಲಗೆ ಅಂದರು. "ಇಲ್ಲಿಂದ ದಾರಿ ಇಲ್ಲ ಅಂತ ಅದಕ್ಕ ತಿಳೀತು. ಸೋತೆ ಅಂತ ತಾನ ಒಪ್ಪಿಕೊಂಡೈತಿ. ಹಿಂದಿನ ನಡೆಯ ಮಣಿ ತೆಗೀರಿ, ಇನ್ನೊಮ್ಮೆ ಈ ದಾರಿಗೆ ಬರೂದಿಲ್ಲ."

ಆ ಖಾಲಿ ಪೆಟ್ಟಿಗೆಯನ್ನು ನಾನು ಎಷ್ಟು ಹೊತ್ತು ನೋಡಿದೆನೋ. ನಾನು ಒಳಗೆ ಏನನ್ನೂ ಹಾಕಿರಲಿಲ್ಲ, ತೆಗೆದಿದ್ದೆ ಅಷ್ಟೇ. ಆದರೂ ಅಲ್ಲೊಂದು ತಿಳಿವಳಿಕೆ ಬಂದು ಕೂತಿತ್ತು. ಮಾವನವರು ನನ್ನ ಹೆಗಲ ಹಿಂದಿನಿಂದ ಬಗ್ಗಿ ನೋಡಿ, ಗುಡಿಯಲ್ಲಿ ಮಾತಾಡುವ ಧ್ವನಿಯಲ್ಲಿ, "ಬರಿದಾದ್ರ ಬುದ್ಧಿ ಬರತೈತೇನ್ರಿ?" ಅಂದರು. ನಾನು ಹಿಂದಿನ ನಡೆಯ ಮಣಿಯನ್ನು ಎತ್ತಿದೆ.

ಅಲ್ಲಿಂದ ಸೋಲು ತಡವಾಗಿ ಬರತೊಡಗಿತು. ಹುಕ್ಕೇರಿ ಮಾಸ್ತರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಒಂದು ಆಟ ಗಿಳಿ ಗೆದ್ದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದೃಷ್ಟ ಇರಬೇಕೆಂದುಕೊಂಡರು. ಇನ್ನೊಂದು ಗೆದ್ದಿತು. ಮಾಸ್ತರು ಬೇರೆ ಆನೆಯಿಂದ ಶುರುಮಾಡಿದರು. ಆ ದಾರಿಯಲ್ಲಿ ಒಂದೆರಡು ಸೋಲುಂಡು, ಮಣಿ ಕಳೆದುಕೊಂಡು, ಪೆಟ್ಟಿಗೆ ಅದನ್ನೂ ಮುಚ್ಚಿತು. ಕಿಟಕಿಯ ಬಿಸಿಲು ಮೇಜು ದಾಟಿ ಗೋಡೆ ಹತ್ತಿತ್ತು. ಕೊನೆಗೆ ಹೇಗೆ ಆಡಿದರೂ, ಎಲ್ಲಿಂದ ಆಡಿದರೂ, ಗಿಳಿ. ಮತ್ತೆ ಗಿಳಿ. ಬಳೆಗಾರರ ಮಣಿ, ಚಹಾದಂಗಡಿಯ ಕಸ, ನನ್ನ ಅಂಟು. ಅದರೊಳಗೆ ಒಂದು ಮೌನವಾದ ಹಟ ನಮ್ಮೆಲ್ಲರ ಕಣ್ಣೆದುರಿಗೆ ಬೆಳೆದು ನಿಂತಿತ್ತು. ಕೂಸು ಮೊದಲ ಹೆಜ್ಜೆ ಇಟ್ಟಾಗ ಮನೆಮಂದಿ ಉಸಿರು ಹಿಡಿಯುತ್ತಾರಲ್ಲ, ಸಭೆ ಹಾಗೆ ನಿಂತಿತ್ತು.

"ನಂದು ಮುಗೀತ್ರಿ," ಅಂದರು ಹುಕ್ಕೇರಿ ಮಾಸ್ತರು, ಹಣೆ ಒರೆಸಿಕೊಳ್ಳುತ್ತ. "ಇನ್ನ ಇದನ್ನ ಸೋಲಸಾಕ ಬರೂದಿಲ್ಲ."

ಪ್ರಿನ್ಸಿಪಾಲರು ಎದ್ದು ಬಂದು ಆ ಕುರ್ಚಿಯಲ್ಲಿ ಕೂತರು. ನಾನು ಗಿಳಿಗಳನ್ನು ಮತ್ತೆ ಸಾಲಾಗಿ ಇಡುವಾಗ ಒಂದು ಉರುಳಿ ಬಿತ್ತು. ಅವರೇ ಎತ್ತಿ ಕೊಟ್ಟರು. ಬಹಳ ಯೋಚಿಸಿ ಆನೆ ನಡೆಸಿದರು. ಸೋತರು. ಮತ್ತೊಮ್ಮೆ ಸಾಲು ಹೂಡಿದರು. ಮತ್ತೆ ಸೋತರು. ಪೆಟ್ಟಿಗೆಗಳ ಹಲಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಒಂದೊಂದನ್ನೇ ತೆರೆದು ಮುಚ್ಚಿ ನೋಡಿದರು, ಬುದ್ಧಿ ಯಾವುದರಲ್ಲಿ ಇದೆ ಎಂದು ಹುಡುಕುವವರಂತೆ.

"ಮಾಸ್ತರ," ಅಂದರು ಕೊನೆಗೆ, "ತಾ ಗೆದ್ದದ್ದು ಇದಕ್ಕ ಗೊತ್ತೈತೇನು?"

"ಇಲ್ಲಂತ ಕಾಣ್ತೈತ್ರಿ."

"ಹಂಗಾರ ನನ್ನ ಸೋಲಿಸಿದವರು ಯಾರು?"

ನಾನು ಪ್ರೊಫೆಸರರ ಕಡೆ ನೋಡಿದೆ. ಅವರು ಬಂದ ವಿದ್ವಾಂಸರ ಕಡೆ ನೋಡಿದರು. ವಿದ್ವಾಂಸರು ಪೆಟ್ಟಿಗೆಗಳ ಕಡೆ ನೋಡಿದರು.

"ಯಾರಿಗೂ ಗೊತ್ತಿಲ್ಲ ಅನ್ರಿ." ಪ್ರಿನ್ಸಿಪಾಲರು ಎದ್ದು ರುಮಾಲು ಸರಿಮಾಡಿಕೊಂಡರು. "ಚಲೋ ಆತು. ಇದರ ಉತ್ತರ ಸಿಗೂ ಮಟಾ ನಿಮ್ಮ ತಾಸು ನಡೀಲಿ."

ವರ್ಷಗಳು ಕಳೆದರೂ ಉತ್ತರ ಇನ್ನೂ ಸಿಕ್ಕಿಲ್ಲ, ನನ್ನ ತಾಸು ನಡೆದೇ ಇದೆ. ಬೆಂಚು ಈಗ ಎರಡಾಗಿವೆ. ನಾನು ಮಾತ್ರ ಪುಣೆಯಿಂದ ಟಪಾಲು ಬಂದಾಗಲೆಲ್ಲ ಒಡೆಯುವ ಮೊದಲು ಎದೆ ಮುಟ್ಟಿಕೊಳ್ಳುತ್ತೇನೆ. ಯಾವನಾದರೂ ಜಾಣ ಆ ಉತ್ತರ ಕಂಡುಹಿಡಿದುಬಿಟ್ಟರೆ ನನ್ನ ಗತಿ ಏನು?