ಕ್ಯಾಪ್ಟನ್ ಅನಂತರಾಜು ಮತ್ತು ಎರಡಾಳು ನೀರು

ಬಾಗಲೂರು ದಾಟಿ ಎರಡು ಮೈಲಿ ಒಳಗೆ ಹೋದರೆ ಸಿಗುವ ಆ ಊರಿನಲ್ಲಿ ಅನಂತರಾಜು ಮನೆ ಯಾವುದು ಎಂದು ಕೇಳಿದರೆ ಜನ ಯೋಚನೆಗೆ ಬೀಳುತ್ತಾರೆ. ಕ್ಯಾಪ್ಟನ್ ಮನೆ ಎಂದರೆ ಮಾತ್ರ ಟೀ ಅಂಗಡಿಯವನು ಲೋಟ ಹಿಡಿದ ಕೈಯಲ್ಲೇ ದಾರಿ ತೋರಿಸುತ್ತಾನೆ. ಮೂರಂತಸ್ತಿನ ಮನೆ, ಅಂಗಳದಲ್ಲಿ ಎರಡು ಕಾರು, ಎರಡು ಕಾರಿನ ನಡುವೆ ಗಾಲಿ ಬಂಡಿಯ ಮೇಲೆ ಕೂತ ಹದಿನಾರು ಅಡಿಯ ಬಿಳಿ ಹಾಯಿದೋಣಿ. ಅಲ್ಲಿಂದ ಸಮುದ್ರ ಎಷ್ಟು ದೂರ ಎಂದು ನೀವು ಲೆಕ್ಕ ಹಾಕಬೇಡಿ. ಅನಂತರಾಜು ಅವರೂ ಹಾಕಿದವರಲ್ಲ. ಬಂದು ಮೂರು ವರ್ಷವಾಗುವವರೆಗೂ ಆ ದೋಣಿಗೆ ತಾಗಿದ್ದು ಕಾರು ತೊಳೆಯುವ ಪೈಪಿನ ನೀರು ಒಂದೇ.

ದೋಣಿ ಬಂದದ್ದು ತೇಲುವುದಕ್ಕಲ್ಲ, ಫೋಟೋಗೆ. ತಾತನ ಕಾಲದ ಹೊಲಗಳನ್ನೆಲ್ಲ ಒಟ್ಟು ಮಾಡಿ ಅನಂತರಾಜು ಊರ ಕೆರೆಯ ಏರಿಗೆ ಅಂಟಿಕೊಂಡಂತೆ 'ನೌಕಾ ವಿಹಾರ್' ಎಂಬ ಲೇಔಟು ಮಾಡಿದರು. ಆ ಹೆಸರಿಟ್ಟ ಮೇಲೆ ನೌಕೆ ಬೇಡವೇ? ಚೆನ್ನೈನ ಯಾರೋ ನಿವೃತ್ತ ಅಧಿಕಾರಿ ಮಾರಿದ ಹಳೆಯ ದೋಣಿ ಲಾರಿ ಹತ್ತಿ ಬಂತು. ಅಂಗಳದಲ್ಲೇ ಅದರ ಮೇಲೆ ಬಿಳಿ ಟೋಪಿ ಹಾಕಿಕೊಂಡು, ಚುಕ್ಕಾಣಿ ಹಿಡಿದು, ದೂರದ ನೀರಿನ ಟ್ಯಾಂಕನ್ನು ದಿಗಂತವೆಂಬಂತೆ ದಿಟ್ಟಿಸುತ್ತ ಅನಂತರಾಜು ನಿಂತರು. ಹೆಬ್ಬಾಳದ ಮೇಲ್ಸೇತುವೆ ಹತ್ತಿರ ಆ ಫೋಟೋದ ದೊಡ್ಡ ಬೋರ್ಡು ಎದ್ದಿತು. ಅಲ್ಲಿ ವಾಹನ ಹೇಗೂ ಮುಂದಕ್ಕೆ ಹೋಗುವುದಿಲ್ಲ, ಅರ್ಧ ಬೆಂಗಳೂರು ದಿನಾ ಅರ್ಧ ಗಂಟೆ ಅವರ ಮುಖವನ್ನೇ ನೋಡಿತು. ಅಂದಿನಿಂದ ಅವರು ಕ್ಯಾಪ್ಟನ್. ಅದುವರೆಗೆ ಹಿಂದಿನಿಂದ 'ಸೈಟ್ ಅನಂತ' ಎನ್ನುತ್ತಿದ್ದವರೂ ಎದುರಿಗೆ ಬಂದು ಕ್ಯಾಪ್ಟನ್ ಎಂದಾಗ, ಹೇಳಬಾರದು, ಆ ಮನುಷ್ಯ ಒಳಗೊಳಗೇ ಕರಗಿಹೋದರು. ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ ಈಗ ಆ ಹೆಸರಿಗೆ ಸಿಗುತ್ತಿತ್ತು.

ಇದರಲ್ಲಿ ಒಂದೇ ಒಂದು ತೊಡಕು. ಕ್ಯಾಪ್ಟನ್‌ಗೆ ನೀರು ಕಂಡರೆ ಪ್ರಾಣಭಯ.

ಒಂಬತ್ತು ವರ್ಷದವರಿದ್ದಾಗ ಅವರಪ್ಪ ಈಜು ಕಲಿಸಲೆಂದು ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿ, ಊರ ಕೆರೆಯ ತೂಬಿನ ಹತ್ತಿರ ಎತ್ತಿ ಎಸೆದಿದ್ದರು. ಹೊಲಗಳಿಗೆ ನೀರು ಬಿಡುವ ತೂಬಿನ ಬಾಯಿ ಅದು, ಅಲ್ಲಿ ಎರಡು ಕಲ್ಲುಕಂಬ ನಿಂತಿದ್ದವು. ಕೆರೆಯಲ್ಲೇ ಅತಿ ಆಳದ ಜಾಗ, ಎರಡಾಳು ನೀರು. ಹಗ್ಗ ಜಾರಿ ಬುರುಡೆ ಒಂದು ಕಡೆ ತೇಲಿತು, ಹುಡುಗ ಇನ್ನೊಂದು ಕಡೆ ಮುಳುಗಿದ. ಬಟ್ಟೆ ಒಗೆಯುತ್ತಿದ್ದ ತಾಯಿ ಮುನಿಕೆಂಪಮ್ಮ ಹಾರಿ, ಕೂದಲು ಹಿಡಿದು ಎಳೆದು ದಡಕ್ಕೆ ಹಾಕಿದಳು. ಆಮೇಲೆ ಅನಂತರಾಜು ಸ್ನಾನಕ್ಕೂ ಚೊಂಬಿಗಿಂತ ದೊಡ್ಡ ಪಾತ್ರೆಯನ್ನು ನಂಬಲಿಲ್ಲ. ಇದು ಗೊತ್ತಿದ್ದದ್ದು ತಾಯಿಗೆ ಮತ್ತು ಹೆಂಡತಿ ಕಲಾವತಿಗೆ ಮಾತ್ರ.

ಹೀಗಿರುವಾಗ ಲೇಔಟಿನವರು, ನೆಂಟರು, ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: ದೋಣಿ ಯಾವಾಗ ನೀರಿಗಿಳಿಸ್ತೀರಾ ಕ್ಯಾಪ್ಟನ್? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕ್ಯಾಪ್ಟನ್ ಸಾಮಾನು ಸಾಲದು ಅಂದರು. ಮೊಬೈಲಿನಲ್ಲಿ ಅವರು ನೋಡುವ ವಿಡಿಯೋಗಳೆಲ್ಲ 'ಹಾಯಿದೋಣಿ ಮಾಲೀಕರ ಬಳಿ ಇರಲೇಬೇಕಾದ ಇಪ್ಪತ್ತು ವಸ್ತುಗಳು' ಎಂಬಂಥವು. ದೇವರ ದಯೆ, ಇಪ್ಪತ್ತು ಮುಗಿಯುವಷ್ಟರಲ್ಲಿ ಇನ್ಯಾರೋ ಪುಣ್ಯಾತ್ಮ ಇಪ್ಪತ್ತೈದು ಎಂದು ಹೊಸ ವಿಡಿಯೋ ಹಾಕಿರುತ್ತಿದ್ದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ಈ ಸಾಮಾನುಗಳನ್ನು ತರಿಸಿ ಜೋಡಿಸುವವನು ಆರ್.ಟಿ. ನಗರದ ಅದ್ನಾನ್. ಅವನದು ಕಾರಿನ ಸೀಟು ಹೊಲಿಯುವ, ಹಾರ್ನು ಕೂರಿಸುವ ಅಂಗಡಿ. ಆದರೆ ಕಾಲೇಜಿನಲ್ಲಿ ಎನ್‌ಸಿಸಿ ನೌಕಾದಳದಲ್ಲಿದ್ದು ಕೆರೆಯಲ್ಲಿ ಹಾಯಿ ಬಿಚ್ಚಿ ಕಲಿತವನು. ವ್ಯಾಪಾರಿಗೆ ಇರಬಾರದ ಒಂದು ರೋಗ ಅವನಿಗಿತ್ತು, ಸತ್ಯ ಹೇಳುವುದು.

"ಸರ್, ಇಷ್ಟು ಚಿಕ್ಕ ದೋಣಿಗೆ ಇದೆಲ್ಲ ಬೇಕಾಗಲ್ಲ. ಒಂದು ಲೈಫ್ ಜಾಕೆಟ್, ಒಂಚೂರು ಗಾಳಿ ಇದ್ರೆ ಸಾಕು. ಅದರ ಬದ್ಲು ನೀವು ಈಜು ಕಲೀರಿ ಸರ್," ಎಂದು ಒಮ್ಮೆ ಅಂದಿದ್ದ.

"ಈಜು ಗೊತ್ತಪ್ಪ ನಂಗೆ. ಸೇಫ್ಟಿ ಅಂತ ಒಂದು ಇರುತ್ತಲ್ಲ. ಆ ಗಾಳಿ ಮೀಟ್ರು ಬರ್ಲಿ, ಇಳಿಸೇ ಬಿಡೋಣ," ಎಂದರು ಕ್ಯಾಪ್ಟನ್.

ಗಾಳಿ ಮೀಟರು ಬಂತು. ಆಮೇಲೆ ದಿಕ್ಸೂಚಿ ಬೇಕಾಯಿತು, ಈ ದಡದಲ್ಲಿ ನಿಂತರೆ ಆ ದಡದ ಎಮ್ಮೆ ಕಾಣುವ ಕೆರೆಗೆ. ದೋಣಿಯಿಂದ ದೋಣಿಗೆ ಮಾತಾಡುವ ವೈರ್‌ಲೆಸ್ ಬಂತು. ಸುತ್ತಮುತ್ತ ಮತ್ತೊಂದು ದೋಣಿಯಿಲ್ಲದ್ದರಿಂದ ಎರಡು ಸೆಟ್ ತರಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ, ಇವರು ಕೂಸು ಹುಟ್ಟದಿರಲಿ ಎಂದೇ ಕುಲಾವಿಯ ಮೇಲೆ ಕುಲಾವಿ ಹೊಲಿಸಿದರು.

ಸಾಮಾನುಗಳು ಮಾತ್ರ ಸುಮ್ಮನೆ ಕೂರಲಿಲ್ಲ. ಕಲಾವತಿ ದುಡ್ಡು ಕೊಟ್ಟು ತಂದದ್ದನ್ನು ಧೂಳು ತಿನ್ನಲು ಬಿಡುವ ಹೆಂಗಸಲ್ಲ. ದೋಣಿಗೆ ಸೇರಿದ ನೀರು ಹೊರಹಾಕುವ ಪುಟ್ಟ ಪಂಪು ಮನೆಯ ಸಂಪು ತೊಳೆಯಲು ನಿಂತಿತು. ಲಂಗರು ಮುನೇಶ್ವರನ ಗುಡಿಯ ಪೂಜೆಯಲ್ಲಿ ಶಾಮಿಯಾನದ ಹಗ್ಗ ಹಿಡಿಯಿತು. ಮಂಜಿನಲ್ಲಿ ಊದುವ ಹಾರ್ನು ನೀರಿನ ಟ್ಯಾಂಕರಿನವನನ್ನು ಮೂರು ಬೀದಿ ಆಚೆಯಿಂದ ಕರೆಯಿತು. ಹಾಯಿ ಕಣದಲ್ಲಿ ರಾಗಿಯ ಮೇಲೆ ಹೊದಿಕೆಯಾಯಿತು. ವೈರ್‌ಲೆಸ್‌ನ ಒಂದು ಸೆಟ್ ಅಡುಗೆಮನೆಯಲ್ಲಿ, ಇನ್ನೊಂದು ಮೂರನೇ ಮಹಡಿಯಲ್ಲಿ. "ಕೆಳಗೆ ಬನ್ರೀ, ಮುದ್ದೆ ಆರ್ತಾ ಇದೆ," ಎಂಬ ಸಂದೇಶ ದಿನಕ್ಕೆರಡು ಬಾರಿ ಸ್ಪಷ್ಟವಾಗಿ ತಲುಪುತ್ತಿತ್ತು. ಕೆಲಸ ಸಿಗದೆ ಡಬ್ಬಿಯಲ್ಲೇ ಉಳಿದದ್ದು ಒಂದೇ, ನೀರಿನ ಆಳ ತೋರಿಸುವ ಮೀಟರು. ಆ ಮನೆಯಲ್ಲಿ ಆಳ ನೋಡುವಂಥದ್ದೇನೂ ಇರಲಿಲ್ಲ.

ಕಳೆದ ವರ್ಷ ಅಕ್ಟೋಬರಿನಲ್ಲಿ ಒಂದು ವಾರ ಬಿಡದೆ ಮಳೆ ಹೊಯ್ದು, ಮೂವತ್ತು ವರ್ಷದ ಮೇಲೆ ಊರ ಕೆರೆ ತುಂಬಿ ಕೋಡಿ ಹರಿಯಿತು. ಕೋಡಿ ಬಿದ್ದ ವರ್ಷ ಊರದೇವತೆ ಪಟಾಲಮ್ಮನ ಕಳಶವನ್ನು ನೀರಿನ ಮೇಲೆ ತೂಬಿನ ಕಂಬದವರೆಗೆ ಕೊಂಡೊಯ್ದು ಬಾಗಿನ ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಆಗ ಬಾಳೆದಿಂಡಿನ ತೆಪ್ಪ ಕಟ್ಟುತ್ತಿದ್ದರು. ಈಗ ಊರಿನಲ್ಲಿ ಬಾಳೆತೋಟ ಎಲ್ಲಿದೆ? ಊರ ಹಿರಿಯ ಆವಲಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದರು.

"ಕ್ಯಾಪ್ಟನ್ ಇರೋವಾಗ ತೆಪ್ಪ ಯಾಕೆ? ಸುಕ್ರವಾರ ಅಮ್ಮನ್ನ ನಿಮ್ ದೋಣಿನಾಗೇ ಕರ್ಕಂಡೋಗ್ಬೇಕು. ನೀವೇ ನಡೆಸ್ಬೇಕು."

ಅನಂತರಾಜು ದೋಣಿಯ ಕಡೆ ಕೈ ತೋರಿಸಿದರು. "ಆಗ್ಲಿ ಅಣ್ಣ, ಆದ್ರೆ ಒಂದು ಸಾಮಾನು ಬರೋದಿದೆ."

"ದೇವ್ರ ಕೆಲಸಕ್ಕೆ ಯಾವ ಸಾಮಾನು? ನಾನು ಬತ್ತೀನಿ ಜೊತೆಗೆ, ಕಳಸ ಇಡ್ಕಂಡು," ಎಂದಳು ಒಳಗಿನಿಂದ ಮುನಿಕೆಂಪಮ್ಮ. ಎಂಬತ್ತೆರಡು ವರ್ಷ, ಕಿವಿ ಮಾತ್ರ ಹದಿನೆಂಟರದು. ಅಲ್ಲಿಗೆ ಮಾತು ಮುಗಿಯಿತು. ದೇವರಿಗೆ ಇಲ್ಲವೆಂದರೆ ಕ್ಯಾಪ್ಟನ್ ಎಂಬ ಹೆಸರು ಅಂದೇ ಹೋಗಿ ಸೈಟ್ ಅನಂತ ವಾಪಸು ಬರುತ್ತಿದ್ದ.

ನಾಲ್ಕು ದಿನ ಅನಂತರಾಜು ಸರಿಯಾಗಿ ಉಣ್ಣಲಿಲ್ಲ. ದೋಣಿ ತೂತಾಗಿದೆಯೇ ಎಂದು ಆಸೆಯಿಂದ ಮುಟ್ಟಿ ನೋಡಿದರು, ಆಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಊರೆಲ್ಲ ಹಂಚಿಹೋಗಿದ್ದ ಸಾಮಾನುಗಳು ತವರಿಗೆ ಬರುವ ಹೆಣ್ಣುಮಕ್ಕಳಂತೆ ಒಂದೊಂದಾಗಿ ವಾಪಸು ಬಂದವು. ಹಾಯಿ ಬಿಚ್ಚಿದಾಗ ರಾಗಿ ಉದುರಿತು. ಅದ್ನಾನ್ ಕಂಬ ನಿಲ್ಲಿಸಿ, ಹಗ್ಗ ಕಟ್ಟಿ, ಡಬ್ಬಿಯಲ್ಲಿದ್ದ ಆಳದ ಮೀಟರನ್ನೂ ಕೂರಿಸಿದ. ಕಲಾವತಿ ಚುಕ್ಕಾಣಿಗೆ ಅರಿಶಿನ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟಳು. ಗಂಡನ ಎದೆಗೆ ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ ಬಿಗಿಯುತ್ತ, "ಬೇಡ ಅನ್ನಿಸಿದ್ರೆ ಈಗ್ಲೂ ಹೇಳಿಬಿಡಿ ಕಣ್ರೀ, ನಾನು ಏನಾದ್ರೂ ನೆಪ ಹೇಳ್ತೀನಿ," ಎಂದು ಮೆಲ್ಲಗೆ ಅಂದಳು. ಏರಿಯ ಮೇಲೆ ಊರಿಗೂರೇ ನಿಂತಿತ್ತು. ಅನಂತರಾಜು ತಲೆಯಾಡಿಸಿ ದೋಣಿ ಹತ್ತಿದರು.

ಗಾಳಿ ಇತ್ತು, ಹೆಚ್ಚಿರಲಿಲ್ಲ. ಅದ್ನಾನ್ ಹಾಯಿಯ ಹಗ್ಗ ಹಿಡಿದ. ಮುನಿಕೆಂಪಮ್ಮ ಕಳಶವನ್ನು ತೊಡೆಯ ಮೇಲಿಟ್ಟುಕೊಂಡು ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಕೂತಷ್ಟೇ ಆರಾಮವಾಗಿ ಕೂತಳು. ಚುಕ್ಕಾಣಿ ಹಿಡಿದ ಅನಂತರಾಜು ನೀರನ್ನು ನೋಡಲಿಲ್ಲ, ಆಳದ ಮೀಟರಿಗೆ ಕಣ್ಣು ನೆಟ್ಟರು. ನಾಲ್ಕು ಅಡಿ ಎಂದಿತು. ಆಳದ ಕಡೆಗೆ ಹೋದಂತೆ ಅಂಕಿ ಏರಬೇಕು ಎಂದು ಹಲ್ಲು ಕಚ್ಚಿದರು. ಅದು ಮೂರೂವರೆ ಎಂದಿತು, ಮೂರು ಎಂದಿತು. ಕೆಟ್ಟಿದೆ ಎಂದು ಅದರ ತಲೆಗೆ ಎರಡು ಏಟು ಕೊಟ್ಟರು. ಎರಡೂ ಮುಕ್ಕಾಲು. ಕಲ್ಲುಕಂಬ ಹತ್ತು ಮಾರು ದೂರವಿರುವಾಗ ದೋಣಿಯ ತಳ ಕರಕರ ಎಂದು ಉಜ್ಜಿ ನಿಂತುಬಿಟ್ಟಿತು.

ಅನಂತರಾಜು ಕೈಗೆ ಸಿಕ್ಕ ಹಾರ್ನನ್ನು ಒತ್ತಿದರು. ಕಾಪಾಡಿ ಎಂಬುದು ಅದರ ಅರ್ಥ. ಏರಿಯ ಮೇಲಿನವರು ಬಾಗಿನದ ಹೊತ್ತಾಯಿತೆಂದು ತಮಟೆ ಬಡಿದರು.

"ಊದಿದ್ದು ಸಾಕು, ಇಳ್ದು ತಳ್ಳು," ಎಂದಳು ಮುನಿಕೆಂಪಮ್ಮ.

"ಅಮ್ಮಾ, ಇಲ್ಲಿ ಎರಡಾಳು ನೀರು."

"ಅದು ನಿಮ್ಮಪ್ಪನ ಕಾಲ್ದಾಗೆ."

ಅದ್ನಾನ್ ಹುಟ್ಟನ್ನು ನೀರಿಗೆ ಇಳಿಸಿದ. ಅದು ಅರ್ಧವೂ ಮುಳುಗದೆ ಕೆಸರಿನಲ್ಲಿ ನೆಟ್ಟಗೆ ನಿಂತಿತು. "ಸರ್, ನಿಮ್ಮ ಮೀಟರ್ ಕರೆಕ್ಟಾಗೇ ಇದೆ," ಎಂದ.

ಕಣ್ಣು ಮುಚ್ಚಿಕೊಂಡು, ಒಂದು ಕೈಯಲ್ಲಿ ದೋಣಿಯನ್ನು ಬಿಗಿಯಾಗಿ ಹಿಡಿದು ಅನಂತರಾಜು ಇಳಿದರು. ನೀರು ತೊಡೆಗೆ ಬಂದು ನಿಂತಿತು. ಎರಡು ಲೈಫ್ ಜಾಕೆಟ್ ಒಂದು ಹನಿ ನೀರನ್ನೂ ಕಾಣದೆ ಎದೆಗೆ ಅಂಟಿಕೊಂಡೇ ಇದ್ದವು. ಅವರಿಗೆ ಮೊದಲು ನಗು ಬಂತು. ನಲವತ್ತೊಂಬತ್ತು ವರ್ಷದ ಭಯ ಇಷ್ಟೇನಾ? ಆಗ ಪಾದಕ್ಕೆ ಏನೋ ಚೂಪಾಗಿ ತಗುಲಿತು. ಬಗ್ಗಿ ಎತ್ತಿದರೆ ಹಳದಿ ಬಣ್ಣದ ಮುರುಕು ಸೈಟ್ ಕಲ್ಲು, ಮೇಲೆ ನೌಕಾ ವಿಹಾರದ ಗುರುತು. ಲೇಔಟಿಗೆ ನಲವತ್ತಡಿ ರಸ್ತೆ ಬೇಕೆಂದು ಕೆರೆಯ ಏರಿ ಅಗಲ ಮಾಡಿಸಿದ್ದು ಅವರೇ. ಎರಡು ಬೇಸಿಗೆ ಟಿಪ್ಪರುಗಳು ಸಾಲಾಗಿ ಹಿಂದಕ್ಕೆ ಬಂದು ಮಣ್ಣು, ಮುರುಕು ಕಲ್ಲು ಸುರಿದದ್ದು ಇಲ್ಲೇ. ಅವರನ್ನು ನುಂಗಲು ಬಂದ ನೀರನ್ನು ಅವರು ಎಂದೋ ಹೂತುಹಾಕಿದ್ದರು, ಹೂತದ್ದು ತಿಳಿಯದೆ ಅದಕ್ಕೆ ಹೆದರಿ ಲೈಫ್ ಜಾಕೆಟ್ ಕೊಳ್ಳುತ್ತಿದ್ದರು. ಬಂದ ನಗು ಅಲ್ಲೇ ನಿಂತಿತು.

"ಒಂದೇ ವಾರದ ಮಳೆಗೆ ಕೋಡಿ ಯಾಕೆ ಬಿತ್ತು ಅಂತ ಈಗ ಗೊತ್ತಾಯ್ತಾ?" ಎಂದಳು ತಾಯಿ.  ಅವರು ಕಲ್ಲನ್ನು ದೋಣಿಗೆ ಹಾಕಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಎತ್ತಿನ ಹಾಗೆ ದೋಣಿಯನ್ನು ಕಂಬದವರೆಗೆ ಎಳೆದರು. ಮುನಿಕೆಂಪಮ್ಮ ಬಾಗಿನ ಬಿಟ್ಟಳು. ಮತ್ತೆ ಎಳೆದುಕೊಂಡೇ ದಡಕ್ಕೆ ಬಂದರು.

ದಡದಲ್ಲಿ ಆವಲಪ್ಪ ಹಾರ ಹಿಡಿದು ಕೈ ಮುಗಿದು ನಿಂತಿದ್ದರು. "ಎರಡಾಳು ನೀರ್ನಾಗೆ ನಡ್ಕಂಡ್ ಬಂದ್ರಲ್ಲ ಕ್ಯಾಪ್ಟನ್. ಅಮ್ಮನೇ ದಾರಿ ಬಿಟ್ಳು."

"ಎರಡಾಳು ಇಲ್ಲ ಅಣ್ಣ, ತೊಡೆಮಟ್ಟ. ಮಿಕ್ಕಿದ್ದು ನಾನು ಸುರಿಸಿದ ಮಣ್ಣು," ಎಂದರು ಅನಂತರಾಜು. ಬದುಕಿನಲ್ಲಿ ಅಷ್ಟು ಕಷ್ಟದ ಮಾತನ್ನು ಅವರು ಆಡಿರಲಿಲ್ಲ.

ಆವಲಪ್ಪ ಹಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಆ ಟಿಪ್ಪರುಗಳಲ್ಲಿ ಎರಡು ಅವರವೇ. ಆಮೇಲೆ ಜನರ ಕಡೆ ತಿರುಗಿ, "ನೋಡ್ರಪ್ಪ, ದೊಡ್ಡೋರ ಗುಣ ಅಂದ್ರೆ ಇದು. ಒಂಚೂರು ಅಹಂಕಾರ ಇಲ್ಲ," ಎಂದು ಹಾರ ಹಾಕಿದರು. ತಮಟೆ ಜೋರಾಯಿತು. ಕ್ಯಾಪ್ಟನ್ ಎಂಬ ಹೆಸರು ಗಟ್ಟಿಯಾಯಿತು, ಇನ್ನು ಅವರೇ ಬೇಡವೆಂದರೂ ಹೋಗುವಂತಿರಲಿಲ್ಲ.

ಮನೆಗೆ ಬಂದು ಅನಂತರಾಜು ಜಗಲಿಯ ಮೇಲೆ ಕೆಸರುಗಾಲಿನಲ್ಲೇ ಕೂತರು. ಸೈಟ್ ಕಲ್ಲು ಪಕ್ಕದಲ್ಲಿತ್ತು. ಮುನಿಕೆಂಪಮ್ಮ ಒಂದು ಚೊಂಬು ನೀರು ತಂದು ಮಗನ ಕಾಲಿಗೆ ಸುರಿದಳು.

"ಅವತ್ತು ನೀನು ಮುಳುಗ್ದೆ. ಕೂದ್ಲು ಇಡ್ದು ಎಳ್ಕಂಡೆ. ಈಗ ಕೆರೇನೇ ಮಣ್ಣಾಗೆ ಮುಳುಗೈತಲ್ಲ ಮಗ, ಅದನ್ನ ಎಲ್ಲಿ ಇಡ್ದು ಎಳೀಲಿ?"

ಅನಂತರಾಜು ಅಂಗಳದ ಕಡೆ ನೋಡಿದರು. ಲಂಗರು, ಪಂಪು, ಹಾರ್ನು, ದಿಕ್ಸೂಚಿ, ಎಲ್ಲವನ್ನೂ ಕಲಾವತಿ ಬಿಸಿಲಿಗೆ ಹರವಿದ್ದಳು. ಅಷ್ಟು ಸಾಮಾನಿನಲ್ಲಿ ಮುಳುಗಿದ ಕೆರೆಯನ್ನು ಹಿಡಿದು ಎಳೆಯುವಂಥದ್ದು ಒಂದೂ ಇರಲಿಲ್ಲ.